ಸ್ವಭಾವ ಬದಲಾಗುತ್ತದೆಯೇ? ಮನಶ್ಶಾಸ್ತ್ರದ ಸುದೀರ್ಘ ಹುಡುಕಾಟ

‘ಹುಟ್ಟುಗುಣ ಸುಟ್ಟರೂ ಹೋಗದು’ ಎನ್ನುವವರೂ ನಾವೇ, ‘ಮನಸ್ಸಿದ್ದರೆ ಮಾರ್ಗ’ ಎನ್ನುವವರೂ ನಾವೇ. ಕುಡಿತ ಬಿಡಲಾಗದ ಅಣ್ಣನ ಬಗ್ಗೆ, ಮುಂಗೋಪದ ಅಪ್ಪನ ಬಗ್ಗೆ, ಎಲ್ಲವನ್ನೂ ನಾಳೆಗೆ ತಳ್ಳುವ ಮಗನ ಬಗ್ಗೆ ಮಾತು ಬಂದಾಗ ಈ ಎರಡರಲ್ಲೊಂದು ಬಾಯಿಗೆ ಬರುತ್ತದೆ. ಮೊದಲನೆಯದನ್ನು ಹೇಳಿ ಅವರನ್ನು ಕೈಬಿಡುತ್ತೇವೆ, ಎರಡನೆಯದನ್ನು ಹೇಳಿ ಬೈಯುತ್ತೇವೆ. ಮನಶ್ಶಾಸ್ತ್ರವೂ ನೂರು ವರ್ಷಕ್ಕೂ ಹೆಚ್ಚು ಕಾಲ ಈ ಎರಡು ನಂಬಿಕೆಗಳ ನಡುವೆ ಓಲಾಡಿದೆ. ಆದರೆ ಕಳೆದ ಕೆಲವು ದಶಕಗಳ ಅಧ್ಯಯನಗಳು ಅದನ್ನು ಎರಡೂ ಅಲ್ಲದ ಒಂದು ನೆಲೆಗೆ ತಂದು ನಿಲ್ಲಿಸಿವೆ. ಮನುಷ್ಯ ಬದಲಾಗಬಲ್ಲ. ಆದರೆ ಬರಿಯ ಸಂಕಲ್ಪದಿಂದ ಬದಲಾಗುವುದು ಅಪರೂಪ, ಒಂಟಿಯಾಗಿ ಬದಲಾಗುವುದು ಕಷ್ಟ.

ಮೂವತ್ತಕ್ಕೆ ಗಟ್ಟಿಯಾದ ಗಾರೆ

ಕಥೆಯನ್ನು ಅಮೆರಿಕದ ವಿಲಿಯಂ ಜೇಮ್ಸ್‌ನಿಂದ ಆರಂಭಿಸುವುದು ವಾಡಿಕೆ. ಅದಕ್ಕೆ ಕಾರಣವೂ ಇದೆ. 1870ರಲ್ಲಿ ಜೇಮ್ಸ್‌ಗೆ 28 ವರ್ಷ. ವೈದ್ಯಕೀಯ ಪದವಿ ಕೈಯಲ್ಲಿತ್ತು, ಆದರೆ ಖಿನ್ನತೆ ಅವನನ್ನು ಹಾಸಿಗೆ ಹಿಡಿಸುವಷ್ಟು ಕಾಡುತ್ತಿತ್ತು. ಮನುಷ್ಯನ ಎಲ್ಲ ನಡೆಯೂ ಮೊದಲೇ ನಿಗದಿಯಾಗಿದ್ದರೆ ಬದುಕಿ ಮಾಡುವುದೇನು ಎಂಬ ಪ್ರಶ್ನೆ ಅವನನ್ನು ಕೊರೆಯುತ್ತಿತ್ತು. ಆ ವರ್ಷದ ಏಪ್ರಿಲ್ ಕೊನೆಯಲ್ಲಿ, ಫ್ರೆಂಚ್ ತತ್ವಜ್ಞಾನಿ ಷಾರ್ಲ್ ರೆನೂವಿಯೇಯ ಬರಹ ಓದಿದ ಮೇಲೆ, ಮನುಷ್ಯನಿಗೆ ಸ್ವಂತ ಇಚ್ಛೆಯಿದೆ ಎಂದು ನಂಬಿಯೇ ನಡೆಯುತ್ತೇನೆಂದು ಅವನು ದಿನಚರಿಯಲ್ಲಿ ಬರೆದುಕೊಂಡ.

ಅದೇ ಜೇಮ್ಸ್ 1890ರಲ್ಲಿ ಪ್ರಕಟಿಸಿದ ‘ಮನಶ್ಶಾಸ್ತ್ರದ ತತ್ವಗಳು’ ಗ್ರಂಥದಲ್ಲಿ, ಬಹುಪಾಲು ಜನರ ಸ್ವಭಾವ ಮೂವತ್ತರ ಹೊತ್ತಿಗೆ ಗಾರೆಯಂತೆ ಗಟ್ಟಿಯಾಗಿಬಿಡುತ್ತದೆ ಎಂದ. ಮುಂದಿನ ನೂರು ವರ್ಷ ಈ ಮಾತು ಉಲ್ಲೇಖವಾಗುತ್ತಲೇ ಬಂತು. ಆದರೆ ಅದೇ ಅಧ್ಯಾಯದಲ್ಲಿ ಹೊಸ ಅಭ್ಯಾಸ ಬೆಳೆಸಿಕೊಳ್ಳುವ ಬಗೆಯನ್ನೂ ಅವನು ಹೇಳಿಕೊಟ್ಟಿದ್ದ: ಜೋರಾಗಿ ಶುರು ಮಾಡಿ, ಬೇರೂರುವವರೆಗೆ ತಪ್ಪಿಸಬೇಡಿ, ನಿರ್ಧಾರವನ್ನು ಮೊದಲು ಸಿಕ್ಕ ಅವಕಾಶದಲ್ಲೇ ಕಾರ್ಯಕ್ಕಿಳಿಸಿ. ಜನ ಗಾರೆಯ ಮಾತನ್ನು ನೆನಪಿಟ್ಟುಕೊಂಡಷ್ಟು ಈ ಸಲಹೆಗಳನ್ನು ಇಟ್ಟುಕೊಳ್ಳಲಿಲ್ಲ.

ರಕ್ತವೋ, ಬೆಳೆಸಿದ ರೀತಿಯೋ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ವಾದ ಹುಟ್ಟು ಮತ್ತು ಬಾಲ್ಯದ ಸುತ್ತಲೇ ತಿರುಗಿತು. ಫ್ರಾಯ್ಡ್ ಪಂಥದವರು ಮನಸ್ಸಿನ ಅಚ್ಚು ಎಳವೆಯಲ್ಲೇ ಬೀಳುತ್ತದೆ ಎಂದರು. ವರ್ತನಾವಾದಿ ಜಾನ್ ವಾಟ್ಸನ್, ಆರೋಗ್ಯವಂತ ಮಕ್ಕಳನ್ನು ಕೊಟ್ಟರೆ ಅವರನ್ನು ವೈದ್ಯರನ್ನಾಗಿಯೋ ಕಳ್ಳರನ್ನಾಗಿಯೋ ಬೇಕೆಂದಂತೆ ಬೆಳೆಸಿ ತೋರಿಸುತ್ತೇನೆಂದು ಸವಾಲು ಹಾಕಿದ. ದೊಡ್ಡವರಾದ ಮೇಲೆ ತಮ್ಮನ್ನು ತಾವೇ ತಿದ್ದಿಕೊಳ್ಳಲು ಹೊರಟವರಿಗೆ ಎರಡೂ ಕಡೆಯಿಂದ ದೊಡ್ಡ ಭರವಸೆಯೇನೂ ಸಿಗಲಿಲ್ಲ.

ಅವಳಿ ಮಕ್ಕಳ ಅಧ್ಯಯನಗಳು ಈ ಜಗಳಕ್ಕೆ ಒಂದು ಅಳತೆ ಕೊಟ್ಟವು. ಐವತ್ತು ವರ್ಷಗಳ 2,700ಕ್ಕೂ ಹೆಚ್ಚು ಪ್ರಕಟಣೆಗಳನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆಯೊಂದು, ಮನುಷ್ಯರ ನಡುವಿನ ವ್ಯತ್ಯಾಸಗಳಲ್ಲಿ ಸರಾಸರಿ ಅರ್ಧದಷ್ಟಕ್ಕೆ ಅನುವಂಶೀಯತೆ ಕಾರಣ ಎಂದಿತು. ಇದನ್ನು ಅರ್ಧ ಸ್ವಭಾವ ಬದಲಾಗದು ಎಂದು ಓದುವವರುಂಟು, ಅದು ತಪ್ಪು. ಜನರು ಒಬ್ಬರಿಗಿಂತ ಒಬ್ಬರು ಏಕೆ ಭಿನ್ನ ಎಂಬುದನ್ನು ಈ ಲೆಕ್ಕ ಹೇಳುತ್ತದೆ. ಒಬ್ಬ ವ್ಯಕ್ತಿ ತಾನಿರುವ ಕಡೆಯಿಂದ ಎಷ್ಟು ದೂರ ಸಾಗಬಲ್ಲ ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ.

ಸ್ವಭಾವ ಎಂಬುದೇ ಇದೆಯೇ?

1968ರಲ್ಲಿ ವಾಲ್ಟರ್ ಮಿಶೆಲ್ ಬರೆದ ಪುಸ್ತಕವೊಂದು ಇಡೀ ಕ್ಷೇತ್ರವನ್ನು ಅಲುಗಾಡಿಸಿತು. ಒಬ್ಬ ವ್ಯಕ್ತಿ ಒಂದು ಸಂದರ್ಭದಲ್ಲಿ ಪ್ರಾಮಾಣಿಕನಾಗಿದ್ದರೆ ಇನ್ನೊಂದರಲ್ಲೂ ಹಾಗೆಯೇ ಇರುತ್ತಾನೆಂದು ಹೇಳಲಾಗದು, ಸ್ವಭಾವದ ಪರೀಕ್ಷೆಗಳಿಗೂ ನಿಜವಾದ ನಡತೆಗೂ ಇರುವ ನಂಟು ತೆಳು ಎಂದು ಅವನು ದಾಖಲೆ ಸಮೇತ ವಾದಿಸಿದ. ಕಚೇರಿಯಲ್ಲಿ ಮೃದುವಾಗಿ ಮಾತಾಡುವವರು ಮನೆಯಲ್ಲಿ ಗುಡುಗುವುದನ್ನು ಕಂಡವರಿಗೆ ಇದು ಹೊಸ ಸುದ್ದಿಯಲ್ಲ. ಆದರೆ ಸ್ವಭಾವ ಅಳೆಯುವುದನ್ನೇ ವೃತ್ತಿಯಾಗಿಸಿಕೊಂಡವರಿಗೆ ಅದು ದೊಡ್ಡ ಪೆಟ್ಟು.

ಪೆಟ್ಟಿನಿಂದ ಚೇತರಿಸಿಕೊಂಡ ಕ್ಷೇತ್ರ ಐದು ಮುಖ್ಯ ಗುಣಗಳ ಸುತ್ತ ಒಂದಾಯಿತು: ಬಹಿರ್ಮುಖತೆ, ಸೌಹಾರ್ದ, ಕರ್ತವ್ಯನಿಷ್ಠೆ, ಭಾವನಾತ್ಮಕ ಸ್ಥಿರತೆ, ಹೊಸತಿಗೆ ತೆರೆದ ಮನಸ್ಸು. ಒಂದೇ ದಿನದ ನಡೆಯನ್ನು ನೋಡದೆ ಹಲವು ದಿನಗಳ ಸರಾಸರಿ ತೆಗೆದರೆ ಈ ಗುಣಗಳು ಸಾಕಷ್ಟು ಸ್ಥಿರವಾಗಿ ಕಾಣುತ್ತವೆ. ಇವನ್ನು ವರ್ಷಗಟ್ಟಲೆ ಅಳೆದ ಪಾಲ್ ಕೋಸ್ಟಾ ಮತ್ತು ರಾಬರ್ಟ್ ಮೆಕ್‌ಕ್ರೇ 1994ರಲ್ಲಿ ಜೇಮ್ಸ್‌ನ ಗಾರೆಯ ಮಾತನ್ನೇ ಮತ್ತೆ ಎತ್ತಿಕೊಂಡು, ಮೂವತ್ತರ ನಂತರ ಸ್ವಭಾವ ಬಹುತೇಕ ನೆಲೆ ನಿಲ್ಲುತ್ತದೆ ಎಂದರು.

ಆ ತೀರ್ಮಾನ ಹೆಚ್ಚು ಕಾಲ ಬಾಳಲಿಲ್ಲ. 2003ರಲ್ಲಿ ಸಂಜಯ್ ಶ್ರೀವಾಸ್ತವ ಮತ್ತು ಸಂಗಡಿಗರು 21ರಿಂದ 60 ವರ್ಷದ 1,32,515 ಜನರ ಉತ್ತರಗಳನ್ನು ಪರಿಶೀಲಿಸಿದರು. ಕರ್ತವ್ಯನಿಷ್ಠೆ ಇಪ್ಪತ್ತರ ಹರೆಯದಲ್ಲಿ ವೇಗವಾಗಿ ಏರಿದರೂ ಅಲ್ಲಿಗೇ ನಿಲ್ಲುವುದಿಲ್ಲ, ಸೌಹಾರ್ದ ಮೂವತ್ತರ ನಂತರವೂ ಬೆಳೆಯುತ್ತದೆ ಎಂದು ಕಂಡುಬಂತು. 2006ರಲ್ಲಿ ಬ್ರೆಂಟ್ ರಾಬರ್ಟ್ಸ್ ಅವರ ತಂಡ ಒಂದೇ ಜನರನ್ನು ಕಾಲಾಂತರದಲ್ಲಿ ಮತ್ತೆ ಮತ್ತೆ ಅಳೆದ 92 ಗುಂಪುಗಳ ಮಾಹಿತಿಯನ್ನು ಒಟ್ಟುಗೂಡಿಸಿತು. ಬದಲಾವಣೆ ಅತಿ ಹೆಚ್ಚು ಕಂಡದ್ದು 20ರಿಂದ 40ರ ನಡುವೆ. ಸಂಸಾರ, ನೌಕರಿ, ಹೊಣೆಗಾರಿಕೆಗಳನ್ನು ಹೊರುವ ವಯಸ್ಸು ಅದು. ಹೊತ್ತ ಹೊಣೆಯೇ ಹೊತ್ತವರನ್ನು ತಿದ್ದುತ್ತದೆ ಎಂಬುದು ರಾಬರ್ಟ್ಸ್ ಕೊಟ್ಟ ವಿವರಣೆ.

ಬೇಕೆಂದು ಬದಲಾಗುವುದು

ವಯಸ್ಸು ತಾನಾಗಿ ತರುವ ಬದಲಾವಣೆ ಒಂದು, ನಾವೇ ಬಯಸಿ ಪಡೆಯುವುದು ಇನ್ನೊಂದು. ಎರಡನೆಯದನ್ನು ಸಂಶೋಧಕರು ನೇರವಾಗಿ ಪರೀಕ್ಷಿಸಿದ್ದು ತೀರಾ ಇತ್ತೀಚೆಗೆ. ಅಮೆರಿಕದ ನೇಥನ್ ಹಡ್ಸನ್ ವಿದ್ಯಾರ್ಥಿಗಳಿಗೆ ಯಾವ ಗುಣ ಬದಲಾಗಬೇಕೆಂದು ಕೇಳಿ, ವಾರವಾರವೂ ಅದಕ್ಕೆ ತಕ್ಕ ಸಣ್ಣ ಕೆಲಸಗಳನ್ನು ಆಯ್ದುಕೊಳ್ಳಲು ಹೇಳಿದರು. ಜನರೊಂದಿಗೆ ಬೆರೆಯಬೇಕು ಎನ್ನುವವರಿಗೆ ಅಂಗಡಿಯ ಕ್ಯಾಷಿಯರ್‌ಗೆ ‘ಹಲೋ’ ಎನ್ನುವುದು ಅಂಥದೊಂದು ಕೆಲಸ. 2019ರಲ್ಲಿ ಪ್ರಕಟವಾದ ಫಲಿತಾಂಶದ ಸಾರ ಖಚಿತ: ಕೆಲಸಗಳನ್ನು ಮಾಡಿ ಮುಗಿಸಿದವರ ಗುಣ ಬಯಸಿದ ಕಡೆಗೆ ಸರಿಯಿತು, ಒಪ್ಪಿಕೊಂಡು ಮಾಡದೆ ಬಿಟ್ಟವರದು ಸರಿಯಲಿಲ್ಲ. ಆಸೆ ಎಷ್ಟೇ ತೀವ್ರವಾಗಿರಲಿ, ಅದೊಂದೇ ಸಾಲಲಿಲ್ಲ.

2021ರಲ್ಲಿ ಸ್ವಿಟ್ಜರ್ಲೆಂಡ್‌ನ ಸಂಶೋಧಕರು 1,523 ಜನರ ಮೊಬೈಲ್‌ಗಳಲ್ಲಿ ಮೂರು ತಿಂಗಳ ತರಬೇತಿಯ ಆ್ಯಪ್ ಹಾಕಿ ನೋಡಿದರು. ಬದಲಾವಣೆಯನ್ನು ಭಾಗವಹಿಸಿದವರು ತಾವೇ ಹೇಳಿಕೊಂಡದ್ದಲ್ಲದೆ, ಅವರ ಮನೆಯವರು, ಗೆಳೆಯರು ಕೂಡ ಮುಖ್ಯವಾಗಿ ಒಂದು ಗುಣವನ್ನು ಹೆಚ್ಚಿಸಿಕೊಳ್ಳಲು ಹೊರಟವರಲ್ಲಿ ಅದನ್ನು ಗಮನಿಸಿದರು. ತರಬೇತಿ ಮುಗಿದು ಮತ್ತೆ ಮೂರು ತಿಂಗಳಾದರೂ ಅದು ಉಳಿದಿತ್ತು. ಅದಕ್ಕೂ ಮೊದಲು, 2017ರಲ್ಲಿ, ರಾಬರ್ಟ್ಸ್ ತಂಡ ಚಿಕಿತ್ಸೆ ಮೊದಲಾದವುಗಳ 207 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಸರಾಸರಿ 24 ವಾರಗಳಲ್ಲಿ ಸ್ವಭಾವ ಗಮನಾರ್ಹವಾಗಿ ಬದಲಾಗಬಲ್ಲದು, ಅದರಲ್ಲೂ ಭಾವನಾತ್ಮಕ ಸ್ಥಿರತೆ ಹೆಚ್ಚಾಗಿ ಸುಧಾರಿಸುತ್ತದೆ ಎಂದಿತ್ತು. ಇವು ಮನುಷ್ಯನನ್ನು ತಲೆಕೆಳಗು ಮಾಡುವ ಬದಲಾವಣೆಗಳಲ್ಲ. ಸಂಕೋಚದವರು ಮಾತುಗಾರರಾಗಲಿಲ್ಲ, ಸಂಕೋಚ ಕೊಂಚ ಸಡಿಲಿತು. ಸಂಕೋಚದಿಂದಾಗಿ ಒಳ್ಳೆಯ ಕೆಲಸವೊಂದನ್ನು ಕಳೆದುಕೊಂಡವರಿಗೆ ಆ ‘ಕೊಂಚ’ದ ಬೆಲೆ ಗೊತ್ತು.

ಸಂಕಲ್ಪದ ಸಾಮರ್ಥ್ಯ ಎಷ್ಟು?

ಇದರ ಜೊತೆಜೊತೆಗೇ ಇಚ್ಛಾಶಕ್ತಿಯ ಅಧ್ಯಯನವೂ ನಡೆದಿತ್ತು. 1998ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು, ಮನೋನಿಗ್ರಹ ಬಳಸಿದಂತೆಲ್ಲ ಖರ್ಚಾಗುತ್ತದೆ ಎಂದರು. ಎದುರಿಗೆ ಬಿಸಿ ಬಿಸ್ಕತ್ತಿಟ್ಟು ಮೂಲಂಗಿ ಮಾತ್ರ ತಿನ್ನಲು ಹೇಳಿದವರು, ಆಮೇಲೆ ಕೊಟ್ಟ ಬಿಡಿಸಲಾಗದ ಒಗಟನ್ನು ಬೇಗ ಕೈಬಿಟ್ಟರು ಎಂಬುದು ಅವರ ಪ್ರಯೋಗ. ಈ ಸಿದ್ಧಾಂತ ಜಗತ್ತಿನಾದ್ಯಂತ ಜನಪ್ರಿಯವಾಯಿತು. ಆದರೆ 2016ರಲ್ಲಿ 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರೊಂದಿಗೆ ಒಂದೇ ವಿಧಾನದಲ್ಲಿ ಈ ಸಿದ್ಧಾಂತವನ್ನು ಪರೀಕ್ಷಿಸಿದಾಗ ಪರಿಣಾಮ ಸೊನ್ನೆಗೆ ಹತ್ತಿರವಿತ್ತು. ತನ್ನ ಜನಪ್ರಿಯ ನಂಬಿಕೆಯನ್ನು ತಾನೇ ಒರೆಗೆ ಹಚ್ಚಿದ್ದು ಈ ಕ್ಷೇತ್ರದ ಹೆಚ್ಚುಗಾರಿಕೆ.

ಆ ಸಿದ್ಧಾಂತಕ್ಕಿಂತ ಗಟ್ಟಿಯಾಗಿ ನಿಂತದ್ದು ಪೀಟರ್ ಗೋಲ್‌ವಿಟ್ಸರ್ ಅವರ ಸರಳ ವಿಚಾರ: ‘ವ್ಯಾಯಾಮ ಮಾಡುತ್ತೇನೆ’ ಎನ್ನುವುದರ ಬದಲು ‘ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ಜಾಗದಲ್ಲಿ ಮಾಡುತ್ತೇನೆ’ ಎಂದು ಮೊದಲೇ ಗೊತ್ತು ಮಾಡಿಕೊಳ್ಳುವುದು. 2002ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ವಿದ್ಯಾರ್ಥಿಗಳು ವಾರದೊಳಗೆ ಒಮ್ಮೆಯಾದರೂ 20 ನಿಮಿಷ ವ್ಯಾಯಾಮ ಮಾಡಬೇಕಿತ್ತು. ಏನೂ ಹೇಳದೆ ಬಿಟ್ಟ ಗುಂಪಿನಲ್ಲಿ 38% ಮಾಡಿದರು. ಹೃದ್ರೋಗದ ಅಪಾಯ ತಿಳಿಸಿ ಹುರಿದುಂಬಿಸಿದ ಗುಂಪಿನಲ್ಲಿ 35%. ಅದರ ಜೊತೆಗೆ ಹೊತ್ತು, ಜಾಗ ಬರೆದುಕೊಂಡ ಗುಂಪಿನಲ್ಲಿ 91%. ಭಾಷಣ ಕೇಳಿಸಿ ಜನರನ್ನು ತಿದ್ದಲು ಹೊರಡುವ ಎಲ್ಲರೂ ಈ ಮೂರು ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು.

21 ದಿನದಲ್ಲಿ ಅಭ್ಯಾಸ ಕೂಡಿಬರುತ್ತದೆ ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಅದರ ಮೂಲ, ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದರು. ಊಟದ ಜೊತೆ ಒಂದು ಹಣ್ಣು ತಿನ್ನುವಂಥ ಯಾವುದಾದರೂ ಒಂದು ಅಭ್ಯಾಸವನ್ನು ಪ್ರತಿಯೊಬ್ಬರೂ ಆರಿಸಿಕೊಂಡಿದ್ದರು. ಅದು ತನ್ನಷ್ಟಕ್ಕೆ ನಡೆಯುವ ಮಟ್ಟಕ್ಕೆ ಬರಲು ಹಿಡಿಯುವ ಮಧ್ಯಮ ಅವಧಿ 66 ದಿನ, ಆದರೆ ಒಬ್ಬೊಬ್ಬರಿಗೆ 18ರಿಂದ 254 ದಿನಗಳವರೆಗೆ ಎಂಬ ಅಂದಾಜು ಲೆಕ್ಕ 2010ರಲ್ಲಿ ಹೊರಬಂತು. ಒಂದು ದಿನ ತಪ್ಪಿದರೆ ಎಲ್ಲವೂ ಹಾಳಾಗುವುದಿಲ್ಲ ಎಂಬುದೂ ಅಲ್ಲೇ ತಿಳಿಯಿತು. ತಪ್ಪಿಸಲೇಬಾರದು ಎಂದ ಜೇಮ್ಸ್‌ಗಿಂತ ಇದು ಕರುಣೆಯುಳ್ಳ ತೀರ್ಮಾನ.

ಊರು ಬದಲಾದರೆ, ಜೊತೆ ಸಿಕ್ಕರೆ

ಇಡೀ ಚರ್ಚೆಯಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಲೀ ರಾಬಿನ್ಸ್ ಎಂಬ ಸಮಾಜವಿಜ್ಞಾನಿಯ ಕೆಲಸ. ವಿಯೆಟ್ನಾಂ ಯುದ್ಧದಿಂದ 1971ರ ಸೆಪ್ಟೆಂಬರ್‌ನಲ್ಲಿ ಹಿಂತಿರುಗಿದ ಅಮೆರಿಕನ್ ಸೈನಿಕರಲ್ಲಿ ಸುಮಾರು 20% ಮಂದಿ ಅಲ್ಲಿ ಹೆರಾಯಿನ್ ಮುಂತಾದವುಗಳ ಚಟಕ್ಕೆ ಬಿದ್ದಿದ್ದರು. ಸಾವಿರಾರು ವ್ಯಸನಿಗಳು ದೇಶದ ಬೀದಿಗೆ ಬರುತ್ತಾರೆಂದು ಸರ್ಕಾರ ಬೆದರಿತ್ತು. ರಾಬಿನ್ಸ್ ಆ ಸೈನಿಕರನ್ನು ಹುಡುಕಿ ಮಾತಾಡಿಸಿದಾಗ, ಚಟಕ್ಕೆ ಬಿದ್ದಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ವ್ಯಸನಿಗಳಾದವರು ಸುಮಾರು 5%, ಮೂರು ವರ್ಷಗಳಲ್ಲಿ 12%. ಹೆಚ್ಚಿನವರಿಗೆ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ಯುದ್ಧದ ಭಯ, ಬೇಸರ, ಅಗ್ಗದ ಹೆರಾಯಿನ್ ಎಲ್ಲವೂ ಹಿಂದೆ ಉಳಿದವು. ಊರಿನಲ್ಲಿ ಮನೆ, ಕೆಲಸ, ತಮ್ಮವರು ಇದ್ದರು. ಇಷ್ಟು ಜನರಿಗೆ ದಿಢೀರನೆ ಇಚ್ಛಾಶಕ್ತಿ ಬಂತು ಎನ್ನುವುದಕ್ಕಿಂತ, ಅವರ ಸುತ್ತಲಿನ ಬದುಕು ಬದಲಾಯಿತು ಎನ್ನುವುದೇ ಸರಿ.

ಇದರ ಇನ್ನೊಂದು ಮಗ್ಗುಲು ಸಂಗಾತಿಗಳು. 1935ರಲ್ಲಿ ಅಮೆರಿಕದ ಆ್ಯಕ್ರನ್‌ನಲ್ಲಿ ಇಬ್ಬರು ಕುಡುಕರು ಪರಸ್ಪರ ನೆರವಾಗಲು ಶುರು ಮಾಡಿದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್. ವಿಜ್ಞಾನಿಗಳು ಅದನ್ನು ಬಹುಕಾಲ ಅನುಮಾನದಿಂದ ನೋಡಿದರು. ಕಾಕ್ರೇನ್ ಸಂಸ್ಥೆಯ 2020ರ ಸಮೀಕ್ಷೆ 27 ಅಧ್ಯಯನಗಳನ್ನು ಪರಿಶೀಲಿಸಿ, ಕುಡಿತದಿಂದ ಪೂರ್ತಿ ದೂರವಿರುವ ವಿಷಯದಲ್ಲಿ ಈ ದಾರಿ ಇತರ ಸ್ಥಾಪಿತ ಚಿಕಿತ್ಸೆಗಳಿಗೆ ಸಮ ಅಥವಾ ಅವಕ್ಕಿಂತ ಮೇಲು ಎಂದಿತು. ನಮ್ಮ ನೆರೆಯ ಗೋವಾದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುತ್ತಿದ್ದ, ಕುಡಿತ ಅಪಾಯದ ಮಟ್ಟ ಮುಟ್ಟಿದ್ದ ಗಂಡಸರಿಗೆ, ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರೇ ಆಪ್ತಸಮಾಲೋಚನೆ ನೀಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೂರು ತಿಂಗಳಲ್ಲಿ 36% ಮಂದಿ ಚೇತರಿಸಿಕೊಂಡರು. ಮಾಮೂಲಿ ಆರೈಕೆ ಮಾತ್ರ ಸಿಕ್ಕವರಲ್ಲಿ ಇದು 26%.

ಕರ್ನಾಟಕದ ಹಳ್ಳಿಗಳಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆ ನಡೆಸುತ್ತ ಬಂದಿರುವ ಮದ್ಯವರ್ಜನ ಶಿಬಿರಗಳಲ್ಲೂ ಇದೇ ತಿಳಿವಳಿಕೆ ಬೇರೆ ರೂಪದಲ್ಲಿದೆ. ಎಂಟು ದಿನ ಮನೆ ಮತ್ತು ಶರಾಬು ಅಂಗಡಿಯಿಂದ ದೂರವಿದ್ದು, ತನ್ನಂಥವರೇ ಇರುವ ಗುಂಪಿನಲ್ಲಿ ದಿನಚರಿ ಹಿಡಿಯುವುದು, ಕುಟುಂಬದವರನ್ನೂ ಕರೆಸಿ ಮಾತಾಡಿಸುವುದು, ಊರಿಗೆ ಮರಳಿದ ಮೇಲೆ ಕುಡಿತ ಬಿಟ್ಟವರ ನವಜೀವನ ಸಮಿತಿಯ ಸಭೆಗಳಲ್ಲಿ ಕೂಡುವುದು. ಶಿಬಿರದ ಪ್ರತಿಜ್ಞೆಗಿಂತ ಆಮೇಲಿನ ಸಭೆಗಳೇ ಹೆಚ್ಚು ಮುಖ್ಯ ಎಂದು ಮೇಲಿನ ಅಧ್ಯಯನಗಳೆಲ್ಲ ಸೂಚಿಸುತ್ತವೆ.

ಈಗ ನಿಂತಿರುವ ನೆಲೆ

ಹೀಗೆ ಕ್ಷೇತ್ರದ ಪ್ರಶ್ನೆಯೇ ಬದಲಾಗಿದೆ. ‘ಬದಲಾಗಬಹುದೇ’ ಎಂಬುದು ಹಿಂದೆ ಸರಿದು, ‘ಎಷ್ಟು, ಯಾವುದರಿಂದ, ಎಷ್ಟು ಕಾಲ ಉಳಿಯುತ್ತದೆ’ ಎಂಬುದು ಮುಂದೆ ಬಂದಿದೆ. ಹೆಚ್ಚಿನ ಅಧ್ಯಯನಗಳು ಕೆಲವು ತಿಂಗಳಿಗೆ ಮುಗಿಯುತ್ತವೆ, ಭಾಗವಹಿಸುವವರು ಬಹುಪಾಲು ಅನುಕೂಲಸ್ಥ ದೇಶಗಳ ಓದಿದವರು. ಸಾಲ, ನಿರುದ್ಯೋಗ, ಹಿಂಸೆಯ ನಡುವೆ ಬದುಕುವವರಿಗೆ ಈ ತೀರ್ಮಾನಗಳು ಎಷ್ಟು ಅನ್ವಯಿಸುತ್ತವೆ ಎಂಬುದು ಮುಂದಿನ ದೊಡ್ಡ ಕೆಲಸ.

ಆದರೂ ಇಷ್ಟು ಸಾಕ್ಷ್ಯ ಕೈಯಲ್ಲಿರುವಾಗ ನಮ್ಮ ನಡೆ ಬದಲಾಗದಿದ್ದರೆ ಅದು ಅನ್ಯಾಯ. ‘ನಿನಗೆ ಛಲವಿಲ್ಲ’ ಎಂದು ಬೈಯುವುದು ಕ್ರೂರ ಮಾತ್ರವಲ್ಲ, ನಿಷ್ಫಲ ಕೂಡ. ಬದಲಾಗಬೇಕೆನ್ನುವವರ ಜೊತೆ ಕೂತು ಯಾವ ದಿನ, ಯಾವ ಹೊತ್ತು, ಯಾರ ಜೊತೆ ಎಂದು ಗೊತ್ತು ಮಾಡಿಕೊಡುವುದು, ತಪ್ಪಿದ ದಿನ ಛೀಮಾರಿ ಹಾಕದೆ ಮರುದಿನಕ್ಕೆ ಕಾಯುವುದು, ಅವರನ್ನು ಕೆಡಿಸುತ್ತಿರುವ ಪರಿಸರವನ್ನೇ ತಿದ್ದುವುದು ಪ್ರಯೋಜನಕಾರಿ. ತಿದ್ದುವ ಹೊಣೆಯನ್ನು ಪೂರ್ತಿಯಾಗಿ ಬಿದ್ದವರ ತಲೆಗೇ ಕಟ್ಟಲು ಮನಶ್ಶಾಸ್ತ್ರ ಇನ್ನು ಒಪ್ಪುವುದಿಲ್ಲ. ಮನೆ, ಊರು, ಸರ್ಕಾರ ಎಲ್ಲವೂ ಅದರಲ್ಲಿ ಪಾಲುದಾರರು.