ಕಾರಿನ ಬಣ್ಣ ಹಾಳು ಮಾಡೋದು ಧೂಳಲ್ಲ, ಒಣ ಬಟ್ಟೆ! ಬಳ್ಳಾರಿ ಬಿಸಿಲು, ಅದಿರಿನ ಧೂಳಿನಲ್ಲಿ ಹೊಳಪು ಉಳಿಸಿಕೊಳ್ಳೋದು ಹೇಗೆ?

ಬಳ್ಳಾರಿ: ಬೆಳಗ್ಗೆ ಅಂಗಡಿ ಬಾಗಿಲು ತೆಗೆದು, ದೇವರ ಫೋಟೋಗೆ ಊದಿನಕಡ್ಡಿ ಹಚ್ಚಿ, ಆಮೇಲೆ ಒಂದು ಹಳೇ ಬನಿಯನ್ ತುಂಡು ಹಿಡಿದು ಮುಂದೆ ನಿಂತ ಕಾರನ್ನು ಸರಸರ ಒರೆಸೋದು. ಜಿಲ್ಲೆಯ ಯಾವ ಬಜಾರಿಗೆ ಹೋದರೂ ಕಾಣುವ ದೃಶ್ಯ ಇದು. ಕಾರು ಚೆನ್ನಾಗಿರಲಿ ಅಂತ ಮಾಡುವ ಈ ಕೆಲಸವೇ ಕಾರಿನ ಬಣ್ಣವನ್ನು ದಿನಾ ಸ್ವಲ್ಪ ಸ್ವಲ್ಪ ತಿನ್ನುತ್ತದೆ.

ಎರಡು ವರ್ಷ ಕಳೆದ ಮೇಲೆ ಬಿಸಿಲಲ್ಲಿ ನಿಂತು ಬಾನೆಟ್ ನೋಡಿದರೆ ಜೇಡರ ಬಲೆಯಂಥ ಸಣ್ಣ ಸಣ್ಣ ಗೀರುಗಳು ಎದ್ದು ಕಾಣುತ್ತವೆ. ಹೊಳಪು ಮಂಕಾಗಿರುತ್ತದೆ. ಮಾರಲು ಹೋದಾಗ ಕೊಳ್ಳುವವರ ಕಣ್ಣು ಮೊದಲು ಬೀಳೋದು ಅಲ್ಲಿಗೇ, ರೇಟು ಇಳಿಯೋದೂ ಅಲ್ಲಿಂದಲೇ. ಪೂರ್ತಿ ಬಾಡಿಗೆ ಪೇಂಟ್ ಮಾಡಿಸಬೇಕಾದರೆ ಹತ್ತಾರು ಸಾವಿರ ರೂಪಾಯಿ ಬೇಕು. ಅದಕ್ಕಿಂತ ತೊಳೆಯುವ, ಒರೆಸುವ ಅಭ್ಯಾಸ ಬದಲಿಸಿಕೊಳ್ಳೋದು ಸುಲಭ. ಹೇಗೆ ಅನ್ನೋ ಮಾಹಿತಿ ಇಲ್ಲಿದೆ.

ಬಣ್ಣದ ಪದರ ಎಷ್ಟು ದಪ್ಪ?

ಈಗಿನ ಬಹುತೇಕ ಕಾರುಗಳಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಹೊಳಪು ಕೊಡೋದು, ಬಿಸಿಲಿನಿಂದ ಬಣ್ಣವನ್ನು ಕಾಯೋದು ಈ ಕೊನೆಯ ಪದರ. ಇದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ಅಂದ್ರೆ ನೋಟ್‌ಬುಕ್ಕಿನ ಒಂದು ಹಾಳೆಯ ಅರ್ಧದಷ್ಟು. ಇದು ಒಮ್ಮೆ ಸವೆದರೆ ತಾನಾಗಿ ಮತ್ತೆ ಬೆಳೆಯಲ್ಲ.

ಕೆಲವು ಹಳೇ ಕಾರುಗಳ ಬಣ್ಣಕ್ಕೆ ಕ್ಲಿಯರ್ ಕೋಟ್ ಇರೋದಿಲ್ಲ. ಪಾಲಿಶ್ ಮಾಡುವಾಗ ಬಟ್ಟೆಗೆ ಕಾರಿನ ಬಣ್ಣವೇ ಅಂಟಿಕೊಂಡರೆ ನಿಮ್ಮದು ಅಂಥ ಕಾರು ಅಂತ ತಿಳಿಯಿರಿ. ಅದಕ್ಕೆ ಪಾಲಿಶ್ ಆದಷ್ಟು ಕಡಿಮೆ ಮಾಡಿಸಬೇಕು.

ಇಲ್ಲಿನ ಧೂಳು ಯಾಕೆ ಅಪಾಯ?

ಸಂಡೂರು ಕಡೆಯ ರಸ್ತೆಗಳಲ್ಲಿ ಓಡಾಡುವ ಕಾರುಗಳ ಮೇಲೆ ಕೂರೋದು ಬರೀ ಮಣ್ಣಲ್ಲ, ಕಬ್ಬಿಣದ ಅದಿರಿನ ಕೆಂಪು ಪುಡಿ. ಸಿರುಗುಪ್ಪ, ಕುರುಗೋಡು ಕಡೆ ಮಳೆಗಾಲದಲ್ಲಿ ಎರೆ ಮಣ್ಣು. ಅದಿರಿನ ಕಣ, ಮರಳಿನ ಕಣ ಎರಡೂ ಕ್ಲಿಯರ್ ಕೋಟ್‌ಗಿಂತ ಎಷ್ಟೋ ಗಟ್ಟಿ. ಧೂಳು ಸುಮ್ಮನೆ ಕೂತಿದ್ದರೆ ಗೀರು ಬೀಳಲ್ಲ. ಅದರ ಮೇಲೆ ಒಣ ಬಟ್ಟೆ ಒತ್ತಿ ಎಳೆದಾಗ ಆ ಬಟ್ಟೆಯೇ ಉಪ್ಪುಕಾಗದ ಆಗುತ್ತದೆ.

ಹಾಗಾಗಿ ನೆನಪಿಡಬೇಕಾದ್ದು ಒಂದೇ ಮಾತು: ಮೊದಲು ನೀರು, ಆಮೇಲೆ ಬಟ್ಟೆ. ನೀರು ಹಾಕೋಕೆ ಪುರುಸೊತ್ತು ಇಲ್ಲದ ದಿನ ಕಾರು ಧೂಳಾಗೇ ಇರಲಿ. ಗಾಜು, ಕನ್ನಡಿ, ಲೈಟು, ನಂಬರ್ ಪ್ಲೇಟ್ ಮಾತ್ರ ನೀರು ಚಿಮುಕಿಸಿ ಒರೆಸಿಕೊಂಡು ಹೊರಡಿ.

ತೊಳೆಯುವ ಸರಿಯಾದ ಕ್ರಮ

ಮನೆ ಮುಂದೆಯೇ, ನಾಲ್ಕು ಬಕೆಟ್ ನೀರಲ್ಲಿ ಈ ಕೆಲಸ ಮುಗಿಯುತ್ತದೆ. ಪೈಪ್ ಬಿಟ್ಟುಕೊಂಡು ಕಾಲು ಗಂಟೆ ತೊಳೆದರೆ 100 ಲೀಟರಿಗೂ ಜಾಸ್ತಿ ನೀರು ಹೋಗುತ್ತದೆ, ಅದರ ಅಗತ್ಯ ಇಲ್ಲ.

1. ಬೆಳಗ್ಗೆ ಬಿಸಿಲೇರುವ ಮೊದಲು ಅಥವಾ ಸಂಜೆ ನೆರಳಲ್ಲಿ ತೊಳೆಯಿರಿ. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬಿಸಿ ಇದ್ದರೆ ಕಾಯಿರಿ. ಬಿಸಿ ತಗಡಿನ ಮೇಲೆ ಶಾಂಪೂ ಒಣಗಿ ಕಲೆ ಕಟ್ಟುತ್ತದೆ.

2. ಮೊದಲು ಚಕ್ರ ಮತ್ತು ಮಡ್‌ಗಾರ್ಡ್ ಒಳಗಿನ ಮಣ್ಣು ತೊಳೆಯಿರಿ. ಇದಕ್ಕೆ ಬೇರೆಯೇ ಬಟ್ಟೆ ಇಡಿ. ಚಕ್ರ ಉಜ್ಜಿದ ಬಟ್ಟೆ ಯಾವ ಕಾರಣಕ್ಕೂ ಬಾಡಿಗೆ ತಾಗಬಾರದು.

3. ನಂತರ ಮೇಲಿನಿಂದ ಕೆಳಗೆ ಧಾರಾಳವಾಗಿ ನೀರು ಸುರಿಯಿರಿ. ಈ ಹಂತದಲ್ಲಿ ಬಟ್ಟೆ ಮುಟ್ಟಿಸಬೇಡಿ. ಅರ್ಧಕ್ಕಿಂತ ಹೆಚ್ಚು ಧೂಳು ಇಲ್ಲೇ ಇಳಿದು ಹೋಗುತ್ತದೆ.

4. ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಕಾರ್ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಬಟ್ಟೆ ಅಥವಾ ಗ್ಲೌಸನ್ನು ಶಾಂಪೂ ನೀರಲ್ಲಿ ಅದ್ದಿ ಒಂದು ಭಾಗ ತೊಳೆಯಿರಿ, ಬರೀ ನೀರಲ್ಲಿ ಜಾಲಿಸಿ, ಮತ್ತೆ ಶಾಂಪೂಗೆ ಅದ್ದಿ. ಬಟ್ಟೆಗೆ ಹತ್ತಿದ ಕಣಗಳು ಎರಡನೇ ಬಕೆಟ್‌ನ ತಳ ಸೇರುತ್ತವೆ, ವಾಪಸ್ ಕಾರಿಗೆ ಬರಲ್ಲ.

5. ರೂಫ್, ಗಾಜು, ಬಾನೆಟ್, ಬಾಗಿಲಿನ ಮೇಲ್ಭಾಗ, ಕೊನೆಗೆ ಕೆಳಭಾಗ. ಇದೇ ಕ್ರಮ. ಹೆಚ್ಚು ಕೊಳೆ ಇರೋದು ಕೆಳಗೆ, ಅದಕ್ಕೇ ಅದು ಕೊನೆಗೆ. ಒತ್ತಿ ಉಜ್ಜಬೇಡಿ, ಸುತ್ತಲೂ ತಿರುಗಿಸಬೇಡಿ. ನೇರವಾಗಿ ಹಗುರವಾಗಿ ಎಳೆಯಿರಿ.

6. ಕೈ ಜಾರಿ ಬಟ್ಟೆ ನೆಲಕ್ಕೆ ಬಿದ್ದರೆ ಅದನ್ನು ಪಕ್ಕಕ್ಕೆ ಎಸೆದು ಬೇರೆ ತಗೊಳ್ಳಿ. ಬರೀ ಕೊಡವಿದರೆ ಹರಳು ಹೋಗಲ್ಲ.

7. ಮತ್ತೆ ನೀರು ಸುರಿದು, ತಕ್ಷಣ ದಪ್ಪ ಮೈಕ್ರೋಫೈಬರ್ ಟವೆಲ್‌ನಿಂದ ನೀರು ಹೀರಿಸಿ. ಗಾಳಿಗೆ ತಾನೇ ಒಣಗಲಿ ಅಂತ ಬಿಡಬೇಡಿ.

ಬಟ್ಟೆ ಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡೂ ಬೇಡ. ಅವು ಎಣ್ಣೆ ಜಿಡ್ಡು ತೆಗೆಯಲು ಮಾಡಿದವು, ಕಾರಿನ ಮೇಲಿನ ವ್ಯಾಕ್ಸನ್ನೂ ತೆಗೆದುಬಿಡುತ್ತವೆ. ಪುಡಿ ಸರಿಯಾಗಿ ಕರಗದಿದ್ದರೆ ಅದರ ಹರಳೇ ಗೀರು ಹಾಕುತ್ತದೆ. ಕಾರ್ ಶಾಂಪೂ ಒಂದು ಬಾಟಲಿ ತಂದರೆ ತಿಂಗಳುಗಟ್ಟಲೆ ಬರುತ್ತದೆ.

ವಾಟರ್ ಸರ್ವಿಸ್‌ಗೆ ಕೊಡುವವರೂ ಎರಡು ಮಾತು ಹೇಳಿ ಕೊಡಿ. ಪ್ರೆಷರ್ ಗನ್ ಬಾಡಿಯಿಂದ ಒಂದೆರಡು ಅಡಿ ದೂರ ಇರಲಿ. ಕಲ್ಲು ಬಡಿದು ಬಣ್ಣ ಎದ್ದ ಜಾಗಕ್ಕೆ ಹತ್ತಿರದಿಂದ ಹೊಡೆದರೆ ಸುತ್ತಲಿನ ಬಣ್ಣವೂ ಕಿತ್ತು ಬರುತ್ತದೆ. ಹತ್ತು ಗಾಡಿ ಒರೆಸಿದ ಬಟ್ಟೆಯಲ್ಲಿ ನಿಮ್ಮ ಕಾರು ಒರೆಸೋದು ಬೇಡ, ನಿಮ್ಮದೇ ಬಟ್ಟೆ ಡಿಕ್ಕಿಯಲ್ಲಿ ಇಟ್ಟಿರಿ.

ಬೋರ್ ನೀರಿನ ಬಿಳಿ ಕಲೆ

ಗಡಸು ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣ ಜಾಸ್ತಿ. ಬಿಸಿನೀರಿನ ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಕಾರಿನ ಮೇಲೆ ಹನಿ ಒಣಗಿದಾಗ ಉಳಿಯುವ ಬಿಳಿ ಉಂಗುರವೂ ಅದೇ. ಹಾಗೇ ಬಿಟ್ಟರೆ ಬಿಸಿಲಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ತೊಳೆದ ಕೂಡಲೇ ನೀರು ಒರೆಸೋದೇ ಇದಕ್ಕೆ ಮದ್ದು. ಕೊನೆಯ ಒಂದು ಬಕೆಟ್‌ಗೆ ಕೊಳಾಯಿ ನೀರೋ ಹಿಡಿದಿಟ್ಟ ಮಳೆ ನೀರೋ ಸಿಕ್ಕರೆ ಇನ್ನೂ ಒಳ್ಳೆಯದು. ಈಗಾಗಲೇ ಕಲೆ ಬಿದ್ದಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ತಣ್ಣಗಿರುವ ಬಾಡಿ ಮೇಲೆ ಬಟ್ಟೆಯಿಂದ ಒಂದು ನಿಮಿಷ ತಾಗಿಸಿ, ತಕ್ಷಣ ಚೆನ್ನಾಗಿ ತೊಳೆಯಿರಿ. ಆ ಜಾಗದ ವ್ಯಾಕ್ಸ್ ಹೋಗಿರುತ್ತದೆ, ಮತ್ತೆ ಹಚ್ಚಬೇಕು.

ಹಕ್ಕಿ ಹಿಕ್ಕೆ, ಮರದ ಅಂಟು

ಏಪ್ರಿಲ್, ಮೇನಲ್ಲಿ ಬಳ್ಳಾರಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಪ್ಪು, ಕಡುಬಣ್ಣದ ಕಾರಿನ ಬಾನೆಟ್ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಕಾದಾಗ ಬಣ್ಣ ಸ್ವಲ್ಪ ಮೆತ್ತಗಾಗುತ್ತದೆ. ಆಗ ಮೇಲೆ ಬಿದ್ದ ಹಿಕ್ಕೆಯ ಆಮ್ಲ ಒಳಗಿಳಿದು, ರಾತ್ರಿ ತಣ್ಣಗಾದಾಗ ಅಚ್ಚು ಹಾಗೇ ಉಳಿಯುತ್ತದೆ. ಬೇಸಿಗೆಯಲ್ಲಿ ಇದಕ್ಕೆ ಒಂದೆರಡು ದಿನವೂ ಬೇಕಿಲ್ಲ.

ಕಂಡ ತಕ್ಷಣ ತೆಗೆಯಿರಿ, ಆದರೆ ಉಗುರಿನಿಂದ ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಕಿಡಿ, ನೆನೆದ ಮೇಲೆ ಮೇಲಕ್ಕೆ ಎತ್ತಿದಂತೆ ತೆಗೆಯಿರಿ. ಇದಕ್ಕಾಗಿ ಒಂದು ಬಾಟಲಿ ನೀರು, ಒಂದು ಬಟ್ಟೆ ಕಾರಿನಲ್ಲಿ ಸದಾ ಇರಲಿ.

ನೆರಳು ಅಂತ ಮರದಡಿ ನಿಲ್ಲಿಸುವಾಗಲೂ ಮೇಲೆ ಒಮ್ಮೆ ನೋಡಿ. ಹಕ್ಕಿಗಳು ಕೂರುವ ಮರವಾದರೆ ಅದಕ್ಕಿಂತ ಗೋಡೆ ನೆರಳು ವಾಸಿ. ಮಾವು ಹೂ ಬಿಡುವ ಕಾಲದಲ್ಲಿ ಜಿಗಿಹುಳು ಸುರಿಸುವ ಸಿಹಿ ಅಂಟು ಕಾರಿನ ಮೇಲೆ ಸಣ್ಣ ಹನಿಯಾಗಿ ಕೂರುತ್ತದೆ, ಧೂಳನ್ನೂ ಹಿಡಿದುಕೊಳ್ಳುತ್ತದೆ. ಹಸಿಯಿದ್ದಾಗ ಉಗುರು ಬೆಚ್ಚಗಿನ ನೀರು, ಶಾಂಪೂ ಸಾಕು.

ಆಯುಧ ಪೂಜೆ ಮರುದಿನ ಮರೆಯಬೇಡಿ

ಪೂಜೆ ಬೇಡ ಅನ್ನೋ ಮಾತಿಲ್ಲ, ಪೂಜೆ ಆದ ಮೇಲೆ ಮಾಡುವ ಕೆಲಸ ಮುಖ್ಯ. ಬಾನೆಟ್ ಮೇಲಿನ ಕುಂಕುಮ, ಅರಿಶಿನ ನೀರು ಸೇರಿದರೆ ಕಲೆ ಹಿಡಿಯುತ್ತದೆ. ಈಗಿನ ಕುಂಕುಮದಲ್ಲಿ ಕೃತಕ ಬಣ್ಣ ಇರೋದರಿಂದ ಬಿಳಿ ಕಾರಿಗೆ ಇನ್ನೂ ಕಷ್ಟ. ನಿಂಬೆಹಣ್ಣಿನ ರಸ ಆಮ್ಲ. ಬಾಳೆಕಂದು, ಹೂವಿನ ಹಾರ ಕಟ್ಟಿದ ದಾರ ಓಡುವಾಗ ಬಾಡಿಗೆ ಉಜ್ಜುತ್ತಾ ಇರುತ್ತದೆ.

ಹಬ್ಬದ ಹಿಂದಿನ ದಿನ ತೊಳೆದು ವ್ಯಾಕ್ಸ್ ಹಚ್ಚಿದರೆ ಕಲೆ ಒಳಗಿಳಿಯಲ್ಲ. ಕುಂಕುಮದ ಬೊಟ್ಟು ನಂಬರ್ ಪ್ಲೇಟ್ ಮೇಲ್ಗಡೆಯ ಪ್ಲಾಸ್ಟಿಕ್ ಭಾಗಕ್ಕೋ, ಗಾಜಿಗೋ ಇಡಬಹುದು. ಹಾರವನ್ನು ಮರುದಿನ ಬಿಚ್ಚಿ, ಒಣ ಕುಂಕುಮವನ್ನು ಉಜ್ಜದೆ ನೀರು ಸುರಿದು ಇಳಿಸಿ. ಅಂಟುಪಟ್ಟಿಯ ಗೋಂದು ಉಳಿದಿದ್ದರೆ ಬ್ಲೇಡ್ ಹಾಕಬೇಡಿ, ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು ಶಾಂಪೂನಲ್ಲಿ ತೊಳೆಯಿರಿ.

ವ್ಯಾಕ್ಸ್, ಸೆರಾಮಿಕ್, ಫಿಲಂ: ಯಾರಿಗೆ ಯಾವುದು?

*ವ್ಯಾಕ್ಸ್:* ಕೈಯಲ್ಲೇ ಹಚ್ಚಬಹುದು. ತೊಳೆದು ಒಣಗಿಸಿದ ಕಾರಿಗೆ ನೆರಳಲ್ಲಿ ತೆಳ್ಳಗೆ ಹಚ್ಚಿ, ಡಬ್ಬಿ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಒರೆಸಬೇಕು. ಇಲ್ಲಿನ ಬಿಸಿಲಿಗೆ ಒಂದೆರಡು ತಿಂಗಳು ಬರುತ್ತದೆ. ನೀರು ಹಾಕಿದಾಗ ಹನಿಗಳು ಕೆಸುವಿನೆಲೆ ಮೇಲಿನಂತೆ ಗುಂಡಗೆ ಉರುಳಿದರೆ ವ್ಯಾಕ್ಸ್ ಇನ್ನೂ ಇದೆ ಅಂತ. ನೀರು ಹರಡಿಕೊಂಡರೆ ಮತ್ತೆ ಹಚ್ಚುವ ಕಾಲ ಬಂತು.

*ಸೀಲೆಂಟ್:* ಇದು ಕೃತಕ ಪದರ. ಹಚ್ಚುವ ರೀತಿ ಅದೇ, ಬಾಳಿಕೆ ಮಾತ್ರ ವ್ಯಾಕ್ಸ್‌ಗಿಂತ ಜಾಸ್ತಿ.

*ಸೆರಾಮಿಕ್ ಕೋಟಿಂಗ್:* ಸಾವಿರಗಟ್ಟಲೆ ಖರ್ಚು, ಬಾಳಿಕೆ ವರ್ಷಗಳ ಲೆಕ್ಕ. ಧೂಳು ಸುಲಭವಾಗಿ ತೊಳೆದು ಹೋಗುತ್ತದೆ, ಹೊಳಪು ಚೆನ್ನಾಗಿರುತ್ತದೆ. ಆದರೆ ಗೀರೇ ಬೀಳಲ್ಲ ಅನ್ನೋದು ಸುಳ್ಳು. ಜಾಹೀರಾತಿನಲ್ಲಿ ಬರುವ '9ಎಚ್' ಪೆನ್ಸಿಲ್‌ನಿಂದ ಗೀರಿ ನೋಡುವ ಪರೀಕ್ಷೆಯ ಅಳತೆ. ವಜ್ರದ ಗಟ್ಟಿತನ 10 ಅನ್ನುವ ಲೆಕ್ಕಕ್ಕೂ ಇದಕ್ಕೂ ಸಂಬಂಧ ಇಲ್ಲ. ಕೋಟಿಂಗ್ ಮಾಡಿಸಿದ ಕಾರನ್ನೂ ಒಣ ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ. ದುಡ್ಡು ಕೊಡುವ ಮೊದಲು ವಾರಂಟಿಯಲ್ಲಿ ಏನೇನು ಸೇರಿದೆ ಅಂತ ಬರಹದಲ್ಲಿ ಪಡೆಯಿರಿ.

*ಪೇಂಟ್ ಪ್ರೊಟೆಕ್ಷನ್ ಫಿಲಂ:* ಇದು ದಪ್ಪ ಪ್ಲಾಸ್ಟಿಕ್ ಹಾಳೆ. ಸಣ್ಣ ಕಲ್ಲಿನ ಏಟು ತಡೆಯೋದು ಇವುಗಳಲ್ಲಿ ಇದೊಂದೇ. ಇಡೀ ಕಾರಿಗೆ ತುಂಬಾ ದುಬಾರಿ. ದಿನಾ ಟಿಪ್ಪರ್‌ಗಳ ಹಿಂದೆ ಹೋಗಬೇಕಾದವರು ಮುಂದಿನ ಬಂಪರ್, ಬಾನೆಟ್ ಅಂಚಿಗೆ ಮಾತ್ರ ಹಾಕಿಸಬಹುದು.

ಗೀರು ಬಿದ್ದರೆ, ಕಲ್ಲು ಬಡಿದರೆ

ಉಗುರನ್ನು ಗೀರಿನ ಮೇಲೆ ಅಡ್ಡಲಾಗಿ ಆಡಿಸಿ ನೋಡಿ. ಉಗುರು ತಡೆಯದಿದ್ದರೆ ಅದು ಮೇಲ್ಪದರದ ಗೀರು, ಪಾಲಿಶ್‌ಗೆ ಹೋಗಬಹುದು. ಉಗುರು ಸಿಕ್ಕಿಕೊಂಡರೆ ಆಳಕ್ಕೆ ಇಳಿದಿದೆ, ಪಾಲಿಶ್‌ಗೆ ಹೋಗಲ್ಲ. ಪಾಲಿಶ್ ಅಂದ್ರೆ ಕ್ಲಿಯರ್ ಕೋಟನ್ನು ಸ್ವಲ್ಪ ಸವೆಸೋದೇ. ಹಾಗಾಗಿ ಪ್ರತಿ ಸರ್ವಿಸ್‌ಗೂ 'ರಬ್ಬಿಂಗ್ ಪಾಲಿಶ್' ಹೊಡೆಸೋದು ಒಳ್ಳೆಯದಲ್ಲ.

ಟಿಪ್ಪರ್‌ನಿಂದ ಕಲ್ಲು ಸಿಡಿದು ತಗಡು ಕಂಡಿದ್ದರೆ ಮುಂದಿನ ಮಳೆಗಾಲಕ್ಕೆ ಬಿಡಬೇಡಿ. ಅಲ್ಲಿಂದ ತುಕ್ಕು ಶುರುವಾಗಿ ಬಣ್ಣದ ಅಡಿಯಲ್ಲೇ ಹರಡುತ್ತದೆ. ಕಾರಿನ ಬಾಗಿಲ ಚೌಕಟ್ಟಿನಲ್ಲೋ ಎಂಜಿನ್ ಭಾಗದಲ್ಲೋ ಇರುವ ಚೀಟಿಯಲ್ಲಿ ಬಣ್ಣದ ಕೋಡ್ ಇರುತ್ತದೆ. ಆ ಕೋಡ್ ಹೇಳಿ ಟಚ್‌ಅಪ್ ಬಾಟಲಿ ತಂದು, ಜಾಗ ಶುಚಿ ಮಾಡಿ, ಒಂದು ಹನಿ ಹಚ್ಚಿದರೂ ತುಕ್ಕು ತಡೆಯುತ್ತದೆ. ನೋಡಲು ಪೂರ್ತಿ ಹೊಂದದಿದ್ದರೂ ತಗಡು ಉಳಿಯುತ್ತದೆ.

ಎರೆ ಮಣ್ಣು ತೇವ ಹಿಡಿದಿಟ್ಟುಕೊಳ್ಳುವ ಮಣ್ಣು. ಮಡ್‌ಗಾರ್ಡ್ ಒಳಗೆ, ಬಾಗಿಲಿನ ಕೆಳ ಅಂಚಿನ ನೀರು ಹೋಗುವ ತೂತುಗಳಲ್ಲಿ ಅದು ಕೂತರೆ ತುಕ್ಕು ಒಳಗಿನಿಂದ ಬರುತ್ತದೆ. ಮಳೆಗಾಲದಲ್ಲಿ ಹೊಲದ ದಾರಿ ತುಳಿದು ಬಂದ ದಿನ ಬಾಡಿ ತೊಳೆಯದಿದ್ದರೂ ಪರವಾಗಿಲ್ಲ, ಅಡಿಭಾಗಕ್ಕೆ ಮಾತ್ರ ನೀರು ಹೊಡೆಯಿರಿ.

ಇವನ್ನು ಮಾಡಲೇಬೇಡಿ

- ಹೊಳೆಯಲಿ ಅಂತ ಡೀಸೆಲ್, ಸೀಮೆಎಣ್ಣೆ ಒರೆಸಬೇಡಿ. ಆ ಹೊತ್ತಿಗೆ ಮಿಂಚುತ್ತದೆ, ಆಮೇಲೆ ಧೂಳು ಇನ್ನೂ ಜಾಸ್ತಿ ಅಂಟುತ್ತದೆ.
- ಧೂಳಾದ ಕಾರಿಗೆ ಕವರ್ ಹೊದಿಸಬೇಡಿ. ಗಾಳಿಗೆ ಕವರ್ ಆಡಿದಷ್ಟೂ ಗೀರು. ತೊಳೆದ ಕಾರಿಗೆ ಮಾತ್ರ ಕವರ್.
- ಬಂಕಿನಲ್ಲಿ ಪೆಟ್ರೋಲ್, ಡೀಸೆಲ್ ಚೆಲ್ಲಿದರೆ ಹಾಗೇ ಒಣಗಲು ಬಿಡಬೇಡಿ, ನೀರು ಹಾಕಿ ಒರೆಸಿ.
- ಮೈಕ್ರೋಫೈಬರ್ ಬಟ್ಟೆಯನ್ನು ಮನೆ ಬಟ್ಟೆ ಜೊತೆ ಒಗೆಯಬೇಡಿ, ಫ್ಯಾಬ್ರಿಕ್ ಸಾಫ್ಟನರ್ ಹಾಕಬೇಡಿ. ಬಟ್ಟೆ ನೀರು ಹೀರೋದು ಕಡಿಮೆಯಾಗುತ್ತದೆ.

ಸುಲಭ ಲೆಕ್ಕ

ದಿನಾ: ಗಾಜು, ಕನ್ನಡಿ ಮಾತ್ರ. ಹಿಕ್ಕೆ ಇದ್ದರೆ ನೆನೆಸಿ ತೆಗೆಯೋದು.
ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ: ಎರಡು ಬಕೆಟ್ ಪದ್ಧತಿಯಲ್ಲಿ ತೊಳೆಯೋದು.
ಎರಡು ತಿಂಗಳಿಗೊಮ್ಮೆ: ವ್ಯಾಕ್ಸ್.
ವರ್ಷಕ್ಕೆರಡು ಸಲ, ಮಳೆಗಾಲದ ಮೊದಲು ಮತ್ತು ನಂತರ: ಕಲ್ಲೇಟು, ತುಕ್ಕು, ಬಾಗಿಲಿನ ತೂತು ಪರೀಕ್ಷೆ.

ಒಂದು ಬಾಟಲಿ ಶಾಂಪೂ, ಒಂದು ಡಬ್ಬಿ ವ್ಯಾಕ್ಸ್, ಮೂರ್ನಾಲ್ಕು ಮೈಕ್ರೋಫೈಬರ್ ಬಟ್ಟೆ. ಇಷ್ಟಕ್ಕೆ ಆಗುವ ಖರ್ಚು ಒಂದು ಬಾಗಿಲಿಗೆ ಪೇಂಟ್ ಹೊಡೆಸುವ ಖರ್ಚಿಗಿಂತ ಕಡಿಮೆ. ಹಳೇ ಬನಿಯನ್ ತುಂಡು ಬೇಕಾದರೆ ಚಕ್ರ ಒರೆಸೋಕೆ ಇರಲಿ, ಬಾನೆಟ್ ಕಡೆ ಮಾತ್ರ ಬರೋದು ಬೇಡ.