ಸಂತರ ಕೆಡದ ದೇಹ: ಸಂಶಯ ಬೆಳೆದು ಬಂದ ಬಗೆ

ಸಂತರ ದೇಹ ಕೊಳೆಯದೆ ಉಳಿಯುವುದು ಪಾವಿತ್ರ್ಯದ ಗುರುತು ಎಂಬ ನಂಬಿಕೆ ಕ್ಯಾಥೋಲಿಕರಲ್ಲಿ ಬಹಳ ಹಳೆಯದು. ಆದರೆ ದೇಹವನ್ನೇ ಸಾಕ್ಷಿಯಾಗಿ ಮುಂದಿಟ್ಟ ಕಡೆ ಪರೀಕ್ಷೆಯೂ ಸಂಶಯವೂ ಹುಟ್ಟಿದವು. ಕನ್ನಡನಾಡಿಗೆ ಹತ್ತಿರದ ನಿದರ್ಶನ, ಹಳೆ ಗೋವಾದ ಬೊಮ್ ಜೀಸಸ್ ಬೆಸಿಲಿಕಾದಲ್ಲಿರುವ ಸಂತ ಫ್ರಾನ್ಸಿಸ್ ಕ್ಸೇವಿಯರರ ದೇಹ.

ಕ್ಸೇವಿಯರ್ 1552ರ ಡಿಸೆಂಬರ್ 3ರಂದು ಚೀನಾ ಕರಾವಳಿಯ ಶಾಂಗ್‌ಚುವಾನ್ ದ್ವೀಪದಲ್ಲಿ ತೀರಿಕೊಂಡರು. ಮಾಂಸ ಬೇಗ ಕರಗಿದರೆ ಎಲುಬು ಒಯ್ಯುವುದು ಸುಲಭವೆಂದು ಪೆಟ್ಟಿಗೆಗೆ ಸುಣ್ಣ ತುಂಬಿ ಹೂಳಲಾಯಿತು. ಮರುವರ್ಷ ಅಗೆದಾಗ ದೇಹ ಕೆಟ್ಟಿರಲಿಲ್ಲ. ಮಲಾಕ್ಕಾದಲ್ಲಿ ಮತ್ತೆ ಹೂತು, ಮತ್ತೆ ತೆಗೆದು, 1554ರ ಮಾರ್ಚ್‌ನಲ್ಲಿ ಗೋವಾಕ್ಕೆ ತಂದರು. ವೈದ್ಯ ಕಾಸ್ಮಾಸ್ ಸರೈವಾ ಮುಟ್ಟಿ ಒತ್ತಿ ನೋಡಿ, ಕರುಳು ಒಳಗೇ ಇದೆ, ಯಾವ ಲೇಪನವನ್ನೂ ಬಳಸಿಲ್ಲ ಎಂದು ಹೇಳಿಕೆ ಕೊಟ್ಟರು. ಸುಣ್ಣ ಮಾಂಸವನ್ನು ತಿನ್ನುತ್ತದೆ ಎಂಬುದೇ ಆ ಕಾಲದ ತಿಳಿವಳಿಕೆ. ಬೆರಗಿಗೆ ಮುಖ್ಯ ಕಾರಣವೂ ಅದೇ. ಹಂದಿಗಳ ಕಳೇಬರ ಹೂತು ನಡೆಸಿ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ವಿರುದ್ಧವಾದುದನ್ನು ತೋರಿಸಿದವು: ಸುಣ್ಣ ಕೊಳೆಯುವುದನ್ನು ತಡಮಾಡುತ್ತದೆ.

1614ರಲ್ಲಿ ಬಲ ಮುಂಗೈ ಕತ್ತರಿಸಿ ರೋಮ್‌ಗೆ ಕಳಿಸಲಾಯಿತು. ದೇಹ ಕ್ರಮೇಣ ಒಣಗುತ್ತ ಬಂತು. 1759ರಲ್ಲಿ ಕ್ಸೇವಿಯರರ ಸಂಘದವರಾದ ಜೆಸ್ವಿಟರನ್ನು ಗಡೀಪಾರು ಮಾಡಿದ ಮೇಲೆ, ಅವರು ನಿಜವಾದ ದೇಹವನ್ನು ಒಯ್ದಿದ್ದಾರೆ ಎಂಬ ಸುದ್ದಿ ಹಬ್ಬಿತು. ಅದನ್ನು ಅಳಿಸಲೆಂದೇ 1782ರಲ್ಲಿ ಸಾರ್ವಜನಿಕ ದರ್ಶನ ಏರ್ಪಟ್ಟಿತು. ಇಂದು ಹತ್ತು ವರ್ಷಕ್ಕೊಮ್ಮೆ ನಡೆಯುವ ದರ್ಶನದ ಮೂಲ ಹೀಗೆ ಒಂದು ಸಂಶಯದಲ್ಲೇ ಇದೆ. ಗೋವಾದಲ್ಲಿರುವುದು ಬೌದ್ಧ ಭಿಕ್ಷು ಶ್ರೀ ರಾಹುಲರ ದೇಹ ಎಂಬ ವಾದ ಶ್ರೀಲಂಕಾದಿಂದ ಬಂತು. 2024ರಲ್ಲಿ ಡಿಎನ್‌ಎ ಪರೀಕ್ಷೆಯ ಬೇಡಿಕೆ ಗೋವಾದಲ್ಲಿ ಪ್ರತಿಭಟನೆಗೆ ದಾರಿಯಾಯಿತು. ಗುರುತಿನ ಪ್ರಶ್ನೆ ಬೇರೆ, ದೇಹ ಕೆಡದಿರಲು ಕಾರಣವೇನೆಂಬ ಪ್ರಶ್ನೆ ಬೇರೆ. ರಾಜಕೀಯದ ಗದ್ದಲದಲ್ಲಿ ಎರಡೂ ಕಲಸಿಹೋಗಿವೆ.

ಗಟ್ಟಿಯಾದ ವಿಮರ್ಶೆ ಹುಟ್ಟಿದ್ದು ಕ್ಯಾಥೋಲಿಕ್ ಧರ್ಮಸಭೆಯ ಒಳಗೇ. ಮುಂದೆ ಪೋಪ್ 14ನೇ ಬೆನೆಡಿಕ್ಟ್ ಆದ ಲ್ಯಾಂಬರ್ಟಿನಿ 1730ರ ದಶಕದ ತಮ್ಮ ಗ್ರಂಥದಲ್ಲಿ ಕಟ್ಟುನಿಟ್ಟಿನ ಅಳತೆಗೋಲು ಹಾಕಿದರು: ಮನುಷ್ಯರ ಕೈವಾಡವಿಲ್ಲದೆ ಬಣ್ಣ, ಮೃದುತ್ವ ದೀರ್ಘಕಾಲ ಉಳಿದಿರಬೇಕು. ಒಣಗಿದ ದೇಹ ಈ ಲೆಕ್ಕಕ್ಕೆ ಬರುವುದಿಲ್ಲ. 1980ರ ದಶಕದಿಂದ ಜಿನೋವಾದ ರೋಗಶಾಸ್ತ್ರಜ್ಞ ಎಜಿಯೊ ಫುಲ್ಕೇರಿ ಹಲವು ಸಂತರ ದೇಹಗಳನ್ನು ಪರೀಕ್ಷಿಸಿದರು. 1297ರಲ್ಲಿ ತೀರಿಕೊಂಡ ಕೊರ್ಟೋನಾದ ಮಾರ್ಗರೇಟರ ಉಡುಪಿನಡಿ ಸೀಳಿ ಹೊಲಿದ ಗುರುತುಗಳಿದ್ದವು. ದೇಹ ಕೆಡದಂತೆ ಮಾಡಲು ಊರವರೇ ಕೇಳಿದ್ದರೆಂಬ ದಾಖಲೆಯೂ ಸಿಕ್ಕಿತು. ಆದರೆ ಲುಕ್ಕಾದ ಜೀಟಾರ ದೇಹ ತಾನಾಗಿಯೇ ಉಳಿದಿತ್ತು. ಗಾಳಿಯಾಡದ ತೇವದಲ್ಲಿ ಕೊಬ್ಬು ಸಾಬೂನಿನಂತಾಗುವುದು, ಒಣ ನೆಲಮಾಳಿಗೆಯಲ್ಲಿ ಚರ್ಮ ಬತ್ತುವುದು ಸಂತರಲ್ಲದವರಿಗೂ ಆಗುತ್ತದೆ. ಫ್ರಾನ್ಸಿನ ನೆವೆರ್‌ನಲ್ಲಿ ಗಾಜಿನ ಪೆಟ್ಟಿಗೆಯಲ್ಲಿರುವ ಸಂತ ಬರ್ನಾಡೆಟ್‌ರ ಮುಖ, ಕೈಗಳ ಮೇಲಿರುವುದು ಮೇಣದ ಹೊದಿಕೆ.

ಕೆಡದ ದೇಹವನ್ನು ಸಂತಪದವಿಗೆ ಬೇಕಾದ ಪವಾಡವೆಂದು ಧರ್ಮಸಭೆ ಇಂದು ಎಣಿಸುವುದಿಲ್ಲ.