ಚಪ್ಪರದ ಮೇಲೆ ಯಾರ ಬಳ್ಳಿ? ಪುಣೆಯ ಹೂಬಳ್ಳಿಗಳ ವಲಸೆ ಚರಿತ್ರೆ

ಈ ಸಲದ ಮಾತು ಶುರುವಾದದ್ದು ಒಂದು ವಾಟ್ಸಾಪ್ ಗ್ರೂಪಿನ ಜಗಳದಿಂದ. ಹಿಂಜವಡಿ ಕಡೆಯ ನಮ್ಮ ಸೊಸೈಟಿಯಲ್ಲಿ ಗೇಟಿನಿಂದ ಗಣಪತಿ ಗುಡಿವರೆಗೆ ಕಬ್ಬಿಣದ ಪೈಪಿನ ಚಪ್ಪರ ಹಾಕಿಸಿದರು. ಎಂಟು ಕಂಬ, ಮೇಲೆ ಅಡ್ಡಪಟ್ಟಿ, ಅಷ್ಟೇ. ಬ್ರೋಶರಿನಲ್ಲಿ ಅದರ ಹೆಸರು ಪರ್ಗೋಲಾ. ನಾನು ಮೀಟಿಂಗಿನಲ್ಲಿ ಬಾಯಿ ತಪ್ಪಿ ‘ಚಪ್ಪರ’ ಅಂದೆ, ಎಲ್ಲರೂ ಮೇಲೆ ನೋಡಿದರು. ಮರಾಠಿಯಲ್ಲಿ ಛಪ್ಪರ ಅಂದರೆ ಮನೆಯ ಸೂರು. ಬಳ್ಳಿ ಹಬ್ಬಿಸೋದಕ್ಕೆ ಅವರು ಮಾಂಡವ್ ಅಂತಾರೆ.

ಅದಕ್ಕೆ ಯಾವ ಹೂಬಳ್ಳಿ ಹಾಕಬೇಕು ಅನ್ನೋದೇ ಪ್ರಶ್ನೆ. ಹತ್ತು ಜನ ಹತ್ತು ಹೆಸರು ಹೇಳಿದರು. ಕೊನೆಗೆ ಹಿರಿಯರೊಬ್ಬರು, ನಾವೆಲ್ಲ ಕಾಕಾ ಅಂತ ಕರೆಯೋರು, ಒಂದೇ ಸಾಲು ಬರೆದರು: “ಬಾಹೇರ್ಚಿ ನಕೋ, ಆಪಲೀಚ್ ವೇಲ್ ಲಾವಾ.” ಹೊರಗಿನದು ಬೇಡ, ನಮ್ಮದೇ ಬಳ್ಳಿ ಹಾಕಿ.

ಕಾಕಾ ಹೇಳಿದ್ದು ಬಳ್ಳಿಯ ಬಗ್ಗೆ. ಆದರೂ ಹನ್ನೊಂದು ವರ್ಷದಿಂದ ಇಲ್ಲಿ ಬಾಡಿಗೆ ಮನೆ ಬದಲಾಯಿಸ್ತಾ ಇರೋ ನನಗೆ ಒಂದು ಕ್ಷಣ ಚುರುಕ್ ಅಂದದ್ದು ಸುಳ್ಳಲ್ಲ. ನೋಡ್ತಾ ಇರೋ ನಿಮ್ಮಲ್ಲೂ ಹಲವರಿಗೆ ಇದು ಗೊತ್ತು. ಉತ್ತರ ಬರೆಯೋ ಬದಲು ಗ್ರೂಪಿನಲ್ಲಿ ಬಂದ ಹೆಸರುಗಳನ್ನೆಲ್ಲ ಒಂದು ಪಟ್ಟಿ ಮಾಡಿಕೊಂಡು ಕೂತೆ. ಇದರಲ್ಲಿ ‘ಆಪಲೀ’ ಯಾವುದು, ‘ಬಾಹೇರ್ಚಿ’ ಯಾವುದು?

ಪಟ್ಟಿಯ ಮೊದಲ ಹೆಸರು ಬೋಗನವೇಲ್. ನಾವು ಕಾಗದದ ಹೂ ಅಂತೀವಲ್ಲ, ಅದೇ. ಮರಾಠಿಯವರು ಎಷ್ಟು ಚೆನ್ನಾಗಿ ಒಳಗೆ ಸೇರಿಸಿಕೊಂಡಿದ್ದಾರೆ ನೋಡಿ: ಬೂಗನ್‌ವಿಲ್ಲಿಯಾದ ಬಾಲ ಕತ್ತರಿಸಿ ‘ವೇಲ್’, ಅಂದರೆ ಬಳ್ಳಿ, ಅಂತ ಮಾಡಿಬಿಟ್ಟರು. ಹೆಸರು ಕೇಳಿದರೆ ಸಹ್ಯಾದ್ರಿಯಲ್ಲೇ ಹುಟ್ಟಿದ ಹಾಗಿದೆ. ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ. 1766ರಲ್ಲಿ ಫ್ರಾನ್ಸಿನ ಬೂಗನ್‌ವಿಲ್ ಎಂಬ ನೌಕಾಧಿಕಾರಿ ಭೂಮಿ ಸುತ್ತಲು ಹೊರಟಾಗ ಅವನ ಜೊತೆ ಫಿಲಿಬರ್ ಕಾಮರ್ಸನ್ ಎಂಬ ಸಸ್ಯಶಾಸ್ತ್ರಜ್ಞ ಇದ್ದ. ಬ್ರೆಜಿಲಿನ ರಿಯೊ ಹತ್ತಿರ ಈ ಬಳ್ಳಿ ಸಂಗ್ರಹವಾಯಿತು, ಕ್ಯಾಪ್ಟನ್ ಹೆಸರು ಅಂಟಿತು. ಕಾಮರ್ಸನ್‌ಗೆ ಒಬ್ಬ ಸಹಾಯಕ ಇದ್ದ, ಗಿಡ ಕಿತ್ತು ತರೋದು, ಹೊರೆ ಹೊರೋದು ಎಲ್ಲ ಅವನದೇ ಕೆಲಸ. ಆ ‘ಅವನು’ ಗಂಡಸಿನ ವೇಷದಲ್ಲಿದ್ದ ಝಾನ್ ಬಾರೆ ಎಂಬ ಹೆಂಗಸು. ಹಡಗಿನಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ. ಭೂಪ್ರದಕ್ಷಿಣೆ ಮುಗಿಸಿದ ಮೊದಲ ಮಹಿಳೆ ಅಂತ ಇವತ್ತು ಗುರುತಿಸೋದು ಅವಳನ್ನೇ. ಅವಳ ಹೆಸರನ್ನು ಒಂದು ಗಿಡಕ್ಕೆ ಇಟ್ಟಿದ್ದು 2012ರಲ್ಲಿ. ಅದೂ ಬದನೆ, ಆಲೂಗಡ್ಡೆ ಜಾತಿಯ ಒಂದು ಗಿಡಕ್ಕೆ. ಕ್ಯಾಪ್ಟನ್ ಮಾತ್ರ ಜಗತ್ತಿನ ಎಲ್ಲ ಕಾಂಪೌಂಡ್ ಗೋಡೆ ಮೇಲೂ ಇದ್ದಾನೆ.

ಹಾಗಾದರೆ ಬೋಗನವೇಲ್ ಹೊರಗಿನದು ಅಂತ ಬರೆದುಕೊಳ್ಳೋಣವಾ? ಸ್ವಲ್ಪ ತಾಳಿ. ಜಗತ್ತಿನಲ್ಲಿ ಬೂಗನ್‌ವಿಲ್ಲಿಯಾದ ಹೊಸ ತಳಿಗಳನ್ನು ನೋಂದಾಯಿಸೋ ಅಂತರರಾಷ್ಟ್ರೀಯ ಜವಾಬ್ದಾರಿ 1966ರಲ್ಲಿ ಸಿಕ್ಕಿದ್ದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಗೆ. ಗೋಧಿ ತಳಿಗಳಿಗೆ ಹೆಸರಾದ ಬಿ.ಪಿ. ಪಾಲ್ ಅವರಿಗೆ ಗುಲಾಬಿಯ ಜೊತೆ ಇದೂ ಒಂದು ಹುಚ್ಚು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ತಳಿಗಳನ್ನು ಕೊಟ್ಟಿದೆ. ಬ್ರೆಜಿಲಿನ ಬಳ್ಳಿ, ಫ್ರೆಂಚ್ ಹೆಸರು, ದೆಹಲಿಯಲ್ಲಿ ರಿಜಿಸ್ಟ್ರೇಷನ್. ಡೊಮಿಸೈಲ್ ಸರ್ಟಿಫಿಕೇಟಿಗೆ ಇನ್ನೇನು ಬೇಕು?

ಎರಡನೆಯದು ಸಂಕ್ರಾಂತ್ ವೇಲ್. ಪುಣೆಯಲ್ಲಿ ಮೊದಲ ಜನವರಿ ಕಳೆದವರೆಲ್ಲ ಇದನ್ನು ನೋಡಿರ್ತೀರಿ, ಹೆಸರು ಗೊತ್ತಿರಲಿಕ್ಕಿಲ್ಲ. ಚಳಿ ಇನ್ನೂ ಇರುವಾಗಲೇ ಹಳೇ ಬಂಗಲೆಯ ಗೋಡೆಯಿಂದ ಕಿತ್ತಳೆ ಬಣ್ಣದ ಸಣ್ಣ ಕೊಳವೆ ಹೂಗಳು ಜಲಪಾತದ ಹಾಗೆ ಇಳಿದಿರುತ್ತವೆ. ಎಳ್ಳುಬೆಲ್ಲದ ಹೊತ್ತಿಗೆ ಸರಿಯಾಗಿ ಅರಳೋದಕ್ಕೆ ಈ ಹೆಸರು. ಇದಕ್ಕಿಂತ ದೇಸೀ ಹೆಸರು ಬೇಕಾ? ಇದೂ ಬ್ರೆಜಿಲ್ ಕಡೆಯದೇ. ಪಂಚಾಂಗಕ್ಕೆ ಹೊಂದಿಕೊಂಡು ಹಬ್ಬದ ಹೆಸರೇ ಪಡೆದುಕೊಂಡಿದೆ.

ಇನ್ನು ಕೆಲವನ್ನು ಬೇಗ ಮುಗಿಸ್ತೀನಿ. ಗುಲಾಬಿ ಗೊಂಚಲಿನ ಐಸ್‌ಕ್ರೀಮ್ ಕ್ರೀಪರ್ ಮೆಕ್ಸಿಕೊದ್ದು. ನೇರಳೆ ನಕ್ಷತ್ರದಂಥ ಪೆಟ್ರಿಯಾ ಕೂಡ ಅಮೆರಿಕದ ಉಷ್ಣವಲಯದ್ದು. ಶಾಂತಿನಿಕೇತನದಲ್ಲಿ ಅದಕ್ಕೆ ನೀಲಮಣಿಲತಾ ಅಂತ ಹೆಸರಿಟ್ಟವರು ರವೀಂದ್ರನಾಥ ಟ್ಯಾಗೋರ್. ನಮ್ಮ ಐಟಿ ಪಾರ್ಕುಗಳ ಪಾರ್ಕಿಂಗ್ ಮಹಡಿಗಳಿಂದ ಹಸಿರು ಪರದೆ ಥರ ನೇತಾಡೋ ಕರ್ಟನ್ ಕ್ರೀಪರ್ ಬರ್ಮಾ, ಥಾಯ್ಲೆಂಡ್ ಕಡೆಯದು. ಹೂ ಲೆಕ್ಕಕ್ಕಿಲ್ಲ, ಗೋಡೆ ಮುಚ್ಚುತ್ತೆ, ಮ್ಯಾನೇಜ್‌ಮೆಂಟಿಗೆ ಅಷ್ಟು ಸಾಕು.

ಇವೆಲ್ಲ ಊರೊಳಗೆ ಹಬ್ಬೋದಕ್ಕೆ ದಾರಿ ಇಲ್ಲೇ ಹತ್ತಿರದಲ್ಲಿತ್ತು. ಇವತ್ತು ವಿದ್ಯಾಪೀಠ ಇರೋ ಗಣೇಶಖಿಂಡ್‌ನಲ್ಲಿ ಮುಂಬೈ ಗವರ್ನರ್ ಮಳೆಗಾಲ ಕಳೆಯೋ ಬಂಗಲೆ ಇತ್ತು. 1873ರಲ್ಲಿ ಅಲ್ಲೊಂದು ಸಸ್ಯೋದ್ಯಾನ ಆಯಿತು. ಅದನ್ನು ನೋಡಿಕೊಳ್ಳುತ್ತಿದ್ದ ಜಿ. ಮಾರ್ಷಲ್ ವುಡ್ರೊ ಪುಣೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನೂ ಹೇಳಿಕೊಡುತ್ತಿದ್ದ. ಭಾರತದಲ್ಲಿ ತೋಟ ಮಾಡೋದು ಹೇಗೆ ಅಂತ ಅವನು ಬರೆದ ಪುಸ್ತಕ ಹಲವು ಮುದ್ರಣ ಕಂಡಿತು. ಕ್ಯಾಂಪಿನ ಕಡೆ ಎಂಪ್ರೆಸ್ ಗಾರ್ಡನ್. ಅದರ ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ನೀವೂ ಹೋಗಿರಬಹುದು. ಸರ್ಕಾರಿ ತೋಟದಿಂದ ಬಂಗಲೆಗೆ, ಬಂಗಲೆಯ ಮಾಲಿಯಿಂದ ಪೇಟೆಗೆ ಕಡ್ಡಿ ಬರೋದಕ್ಕೆ ಎಷ್ಟು ಹೊತ್ತು? ನಮ್ಮೂರಲ್ಲಿ ಲಾಲ್‌ಬಾಗ್ ಮಾಡಿದ ಕೆಲಸವೂ ಇದೇ ತಾನೆ.

ಈಗ ನನಗೆ ಇಷ್ಟವಾದ ಗೊಂದಲಕ್ಕೆ ಬರ್ತೀನಿ. ಗ್ರೂಪಿನಲ್ಲಿ ಒಬ್ಬರು ಮಧುಮಾಲತಿ ಅಂದರು. ಇದಂತೂ ನಮ್ಮದೇ, ಕಾಳಿದಾಸನಲ್ಲೇ ಇದೆ ಅಂತ ಇನ್ನೊಬ್ಬರು. ಇಲ್ಲಿನ ನರ್ಸರಿಯಲ್ಲಿ ಮಧುಮಾಲತಿ ಕೇಳಿದರೆ ಕೊಡೋದು ರಂಗೂನ್ ಕ್ರೀಪರ್. ಸಂಜೆ ಬಿಳಿಯಾಗಿ ಅರಳಿ, ಮರುದಿನ ಗುಲಾಬಿಯಾಗಿ, ಮೂರನೇ ದಿನ ಕೆಂಪಾಗೋ ಹೂವು. ರಾತ್ರಿ ಬಿಳಿ ಹೂವಿಗೆ ಪತಂಗ, ಹಗಲು ಬಣ್ಣದ ಹೂವಿಗೆ ಜೇನ್ನೊಣ, ಹೀಗೆ ಎರಡು ಶಿಫ್ಟ್. ಹದಿನೇಳನೇ ಶತಮಾನದಲ್ಲಿ ಅಂಬಾನ್ ದ್ವೀಪದಲ್ಲಿದ್ದ ರಂಫಿಯಸ್ ಎಂಬ ವಿದ್ವಾಂಸ ಇದರ ಮಲಯ್ ಹೆಸರು ‘ಉದಾನಿ’ ಅಂತ ಕೇಳಿದ. ಅದು ಡಚ್ ಭಾಷೆಯ ‘ಹೂದಾನಿಖ್’, ಅಂದರೆ ‘ಎಂಥದ್ದು?’ ಅನ್ನೋ ಪದದ ಹಾಗೆ ಕೇಳಿಸಿತು. ಅದನ್ನೇ ಲ್ಯಾಟಿನ್ನಿಗೆ ತಿರುಗಿಸಿ ಕ್ವಿಸ್‌ಕ್ವಾಲಿಸ್ ಅಂತ ಇಟ್ಟ: ‘ಯಾರು? ಎಂಥದ್ದು?’ ಮೂರು ದಿನ ಮೂರು ಬಣ್ಣ ತೋರಿಸೋ ಬಳ್ಳಿಗೆ ಸರಿಯಾದ ಹೆಸರೇ. ನಮ್ಮ ಕಾಲದ ಸಸ್ಯಶಾಸ್ತ್ರಜ್ಞರು ಅದನ್ನೂ ತೆಗೆದು ಕಾಂಬ್ರೆಟಮ್ ಕುಲಕ್ಕೆ ಸೇರಿಸಿದರು. ನಮ್ಮ ಕೆಲಸದ ಭಾಷೆಯಲ್ಲಿ ಹೇಳಬೇಕಂದರೆ, ಪ್ರೈಮರಿ ಕೀ ಅಂತ ನಂಬಿಕೊಂಡಿದ್ದೇ ಬದಲಾಗಿಹೋಯಿತು.

ಕಾಳಿದಾಸನ ಮಾಧವಿ ಬೇರೆ. ಬಿಳಿ ಎಸಳು, ಅಂಚು ಕತ್ತರಿಸಿದ ಹಾಗೆ, ಒಂದು ಎಸಳಿನಲ್ಲಿ ಮಾತ್ರ ಹಳದಿ, ವಸಂತದಲ್ಲಿ ಘಮಘಮ. ಕಾಯಿಗೆ ಮೂರು ರೆಕ್ಕೆ, ಹೆಲಿಕಾಪ್ಟರಿನಂತೆ ತಿರುಗುತ್ತಾ ಹಾರುತ್ತೆ. ಮರಾಠಿಯಲ್ಲಿ ಹಳದ್‌ವೇಲ್ ಅಂತಾರೆ, ಸಹ್ಯಾದ್ರಿಯ ಕಾಡಿನಲ್ಲಿ ತಾನೇ ಬೆಳೆಯುತ್ತೆ, ನಮ್ಮ ಕಡೆಯ ಘಟ್ಟದಲ್ಲೂ. ಶಾಕುಂತಲವನ್ನು ಮೈಸೂರಿನ ಬಸವಪ್ಪ ಶಾಸ್ತ್ರಿಗಳ ಕನ್ನಡದಲ್ಲಿ ಓದಿದವರಿಗೆ ಬಳ್ಳಿಯನ್ನು ತಂಗಿ ಅಂತ ಅಪ್ಪಿಕೊಂಡು ತವರು ಬಿಡೋ ಆ ಹುಡುಗಿ ಗೊತ್ತಿರ್ತಾಳೆ. ಶಿರಸಿಗೆ ಫೋನ್ ಮಾಡಿ ಆಯಿಯನ್ನು ಕೇಳಿದೆ. (ನಮ್ಮಲ್ಲೂ ಆಯಿ, ಇಲ್ಲೂ ಆಯಿ, ಇದೊಂದು ಪದಕ್ಕೆ ಅನುವಾದ ಬೇಕಿಲ್ಲ.) “ಅದಕ್ಕೆ ಪೈಪು ಸಾಲ್ತಿಲ್ಲೆ, ಮರ ಬೇಕು” ಅಂದಳು. ನಿಜ, ಮಾಧವಿ ಕೈತೋಳಿನ ದಪ್ಪ ಆಗೋ ಕಟ್ಟಿಗೆಬಳ್ಳಿ.

ಸರಿ, ಕೊನೆಗೂ ಒಂದು ಅಪ್ಪಟ ಸ್ವದೇಶಿ ಸಿಕ್ಕಿತು ಅಂತ ಬೀಗುತ್ತಾ ಇನ್ನಷ್ಟು ಓದಿದರೆ, ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳು ಅಂತ ತಜ್ಞರು ಮಾಡಿರೋ ಪಟ್ಟಿಯಲ್ಲಿ ನಮ್ಮ ಮಾಧವಿ ಇದ್ದಾಳೆ! ಮಾರಿಷಸ್, ರೀಯೂನಿಯನ್ ದ್ವೀಪಗಳ ಕಾಡಿನಲ್ಲಿ ಅಲ್ಲಿನ ಮರಗಳ ಮೇಲೆ ಹತ್ತಿ ಉಸಿರು ಕಟ್ಟಿಸ್ತಾ ಇದ್ದಾಳೆ. ನಾವು ಲಂಟಾನಕ್ಕೆ ಹಾಕೋ ಶಾಪವನ್ನೇ ಅಲ್ಲಿನವರು ಇವಳಿಗೆ ಹಾಕ್ತಾರೆ. ಇಲ್ಲಿ ತಂಗಿ, ಅಲ್ಲಿ ರಾಕ್ಷಸಿ. ಬಳ್ಳಿ ಅದೇ. ಹಾಗಂತ ಹೊರಗಿನದು ಒಳಗಿನದು ಅನ್ನೋ ಲೆಕ್ಕವೇ ಸುಳ್ಳು ಅಂತ ನಾನು ಹೇಳಲ್ಲ. ಕಾಡಿನ ಅಂಚಿನಲ್ಲಿ ಮನೆ ಇದ್ದರೆ ಏನು ನೆಡ್ತೀವಿ ಅನ್ನೋದು ದೊಡ್ಡ ವಿಷಯ. ಸೊಸೈಟಿಯ ಸಿಮೆಂಟ್ ನಡುವಿನ ಎಂಟು ಕಂಬಕ್ಕೆ ಅದು ಅಷ್ಟೇ ದೊಡ್ಡದಾ ಅನ್ನೋದು ಬೇರೆ ಪ್ರಶ್ನೆ.

ಇನ್ನೊಂದು ಬಳ್ಳಿ ಬಗ್ಗೆ ಹೇಳದೆ ಇರೋದಕ್ಕಾಗಲ್ಲ. ವಿದೇಶದ ತೋಟಗಾರಿಕೆ ಪುಸ್ತಕ ತೆರೆದು ಚಪ್ಪರಕ್ಕೆ ಅಂದವಾದ ಬಳ್ಳಿ ಯಾವುದು ಅಂತ ಹುಡುಕಿ, ಥುನ್‌ಬರ್ಜಿಯಾ ಮೈಸೂರೆನ್ಸಿಸ್ ಸಿಕ್ಕೇ ಸಿಗುತ್ತೆ. ಹೌದು, ನಮ್ಮ ಮೈಸೂರೇ. ಹಳದಿ-ಕೆಂಗಂದು ಬಣ್ಣದ ಹೂಗಳು ಉದ್ದನೆಯ ಜಡೆಯಂತೆ ಚಪ್ಪರದಿಂದ ಕೆಳಗೆ ಇಳಿಬೀಳುತ್ತವೆ. ಸೂರಕ್ಕಿಗಳು ಅದಕ್ಕೇ ನೇತಾಡಿ ಜೇನು ಹೀರುತ್ತವೆ. ಕೊಡಗು, ಕುದುರೆಮುಖದ ಕಡೆಯ ಮಳೆಕಾಡಿನ ಬಳ್ಳಿ. ಇದಕ್ಕೆ ಮೈಸೂರಿನ ಹೆಸರಿಟ್ಟವನು ಮದ್ರಾಸ್ ಪ್ರಾಂತದಲ್ಲಿ ಕಂಪನಿಯ ವೈದ್ಯನಾಗಿದ್ದ ರಾಬರ್ಟ್ ವೈಟ್. ರಂಗಯ್ಯ, ಗೋವಿಂದು ಎಂಬ ಇಬ್ಬರು ಭಾರತೀಯ ಚಿತ್ರಕಾರರಿಂದ ಸಾವಿರಾರು ಗಿಡಗಳ ಚಿತ್ರ ಬರೆಸಿದವನು. ಆಮೇಲೆ ಕಲ್ಕತ್ತಾ ತೋಟದ ಥಾಮಸ್ ಆಂಡರ್ಸನ್ ಈ ಬಳ್ಳಿಯನ್ನು ಥುನ್‌ಬರ್ಜಿಯಾ ಕುಲಕ್ಕೆ ಸೇರಿಸಿದ. ಕುಲ ಬದಲಾದರೂ ಮೈಸೂರು ಉಳಿಯಿತು. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಅದಕ್ಕೆ ತನ್ನ ಗಾರ್ಡನ್ ಮೆರಿಟ್ ಪ್ರಶಸ್ತಿ ಕೊಟ್ಟಿದೆ. ಅಲ್ಲಿ ಗಾಜಿನ ಮನೆಯೊಳಗೆ ಬಿಸಿ ಮಾಡಿ ಸಾಕ್ತಾರೆ. ನಾನು ಕೇಳಿದ ಪುಣೆಯ ನಾಲ್ಕು ನರ್ಸರಿಯಲ್ಲಿ ಮೂವರಿಗೆ ಹೆಸರೇ ಗೊತ್ತಿರಲಿಲ್ಲ. ನಾಲ್ಕನೆಯವನು, ಇಲ್ಲಿಯ ಏಪ್ರಿಲ್ ಬಿಸಿಲಿಗೆ ಅದು ಸುಟ್ಟುಹೋಗುತ್ತೆ ಸರ್, ತೇವ ಬೇಕು, ನೆರಳು ಬೇಕು ಅಂದ. ತಗೊಳ್ಳಿ ಅಂತ ಹೇಳದೆ ಬೇಡ ಅಂದವನ ಮೇಲೆ ನಂಬಿಕೆ ಬಂತು.

ಇಷ್ಟನ್ನೂ ಬರೆದು ಗ್ರೂಪಿಗೆ ಹಾಕಿದೆ. ಸ್ವಲ್ಪ ವಾದ ಗೆಲ್ಲೋ ಹುಮ್ಮಸ್ಸೂ ಇತ್ತು, ಒಪ್ಪಿಕೊಳ್ತೀನಿ. ಕಾಕಾ ಉತ್ತರ ಬರೆಯಲಿಲ್ಲ. ಮರುದಿನ ಸಂಜೆ ಚಪ್ಪರದ ಕೆಳಗೆ ಸಿಕ್ಕರು. ಅವರ ಬಾಲ್ಯದ ಮನೆ ನಾರಾಯಣ ಪೇಠೆಯಲ್ಲಿ, ಮುಠಾ ನದಿಗೆ ಹತ್ತಿರದ ವಾಡೆ. ಅಂಗಳದಲ್ಲಿ ಜುಯಿಯ ಮಾಂಡವ್ ಇತ್ತಂತೆ. ಸಂಜೆ ಮೊಗ್ಗು ಬಿಡಿಸೋದು ಮಕ್ಕಳ ಕೆಲಸ. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆಯಿತು. ವಾಡೆ, ಮಾಂಡವ್, ಜುಯಿ ಏನೂ ಉಳಿಯಲಿಲ್ಲ. ಆಮೇಲೆ ಪೂರಗ್ರಸ್ತರ ವಸಾಹತಿನಲ್ಲಿ ಒಂದು ಕೋಣೆ. ಪೇಠೆಗೆ ವಾಪಸ್ ಹೋಗಲೇ ಇಲ್ಲ. ‘ಆಪಲೀಚ್ ವೇಲ್’ ಅಂದಾಗ ಅವರ ಮನಸ್ಸಿನಲ್ಲಿದ್ದದ್ದು ಅದೊಂದೇ ಬಳ್ಳಿ. ನಾನು ಬ್ರೆಜಿಲು, ಫ್ರಾನ್ಸು ಅಂತ ಮೂರು ಪುಟ ಬರೆದಿದ್ದೆ.

ಜುಯಿ ಅಂದರೆ ಸಂಸ್ಕೃತದ ಯೂಥಿಕಾ. ಜಾತಿ ಅನ್ನೋದು ಮರಾಠಿಯಲ್ಲಿ ಜಾಯಿ ಆದ ಹಾಗೆ, ನಮ್ಮಲ್ಲಿ ಜಾಜಿ ಆದ ಹಾಗೆ. ಈ ನೆಲದ್ದೇ ಮಲ್ಲಿಗೆ ಕುಲ, ಹಗುರ ಬಳ್ಳಿ, ಪೈಪಿನ ಕಂಬಕ್ಕೆ ಭಾರವಲ್ಲ. ಸುಮಾರು 1025ರಲ್ಲಿ ಕಲ್ಯಾಣ ಚಾಲುಕ್ಯ ಜಯಸಿಂಹನ ಕಾಲದಲ್ಲಿ ಚಾವುಂಡರಾಯ (ಗೊಮ್ಮಟನ ಚಾವುಂಡರಾಯನಲ್ಲ, ಇನ್ನೊಬ್ಬ) ಕನ್ನಡದಲ್ಲಿ ಬರೆದ ಲೋಕೋಪಕಾರದಲ್ಲಿ ಗಿಡಮರಗಳ ಆರೈಕೆಗೇ ಒಂದು ಅಧ್ಯಾಯ ಇದೆ. ಆ ಚಾಲುಕ್ಯರ ರಾಜ್ಯದಲ್ಲಿ ಇವತ್ತಿನ ಕರ್ನಾಟಕ, ಮಹಾರಾಷ್ಟ್ರ ಎರಡರ ಬಹುಭಾಗವೂ ಸೇರಿತ್ತು.

ಕೊನೆಗೆ ತೀರ್ಮಾನ ಆಗಿದ್ದು ಹೀಗೆ. ಗೇಟಿನ ಕಡೆಯ ನಾಲ್ಕು ಕಂಬಕ್ಕೆ ಬಿಸಿಲು ಜಾಸ್ತಿ, ನೀರು ಕಡಿಮೆ. ಅಲ್ಲಿ ಬೋಗನವೇಲ್, ಮುಳ್ಳನ್ನು ಮಕ್ಕಳ ಕೈಗೆ ಸಿಗದ ಹಾಗೆ ಮೇಲೆ ಕಟ್ಟಿಸೋದು. ನಡುವಿನ ಎರಡಕ್ಕೆ ಸಂಕ್ರಾಂತ್ ವೇಲ್. ಗುಡಿಯ ಪಕ್ಕದ ಎರಡಕ್ಕೆ ಜುಯಿ. ಮಾಧವಿ ಬೇಡ, ಆಯಿ ಹೇಳಿದ್ದು ಸರಿ.

ಜುಯಿ ನೆಟ್ಟ ದಿನ ಕಾಕಾನೇ ಸೆಣಬಿನ ದಾರ ತಂದು ಕುಡಿಯನ್ನು ಕಂಬಕ್ಕೆ ಸಡಿಲವಾಗಿ ಕಟ್ಟಿದರು. ಕನ್ನಡದಲ್ಲಿ ಇದಕ್ಕೆ ಏನಂತೀರಿ ಅಂತ ಕೇಳಿದರು. ಸೂಜಿಮಲ್ಲಿಗೆ ಅಂದೆ. ಸೂಜಿ ಅಂದರೆ? ಸುಯಿ, ಅಂದೆ. ಅವರು ಸ್ವಲ್ಪ ಹೊತ್ತು ಕುಡಿಯನ್ನೇ ನೋಡ್ತಾ ನಿಂತರು. “ಹೋ,” ಅಂದರು, “ಕಳೀ ಸುಯಿಸಾರಖೀಚ್ ಅಸತೇ.” ಮೊಗ್ಗು ಸೂಜಿ ಥರಾನೇ ಇರುತ್ತೆ.